ಪದಚರ್ಚೆ: ಕೈಯಲ್ಲಿ ಹಿಡಿದು ಆಡುವ ಗೇಮ್, ಟಿವಿಗೆ ಜೋಡಿಸಿ ಆಡುವ ಗೇಮ್ – ಜೋಡಿ ಪದ ಬೇಕು (ಶುಕ್ರವಾರದೊಳಗೆ)

ಶಿವಮೊಗ್ಗದಿಂದ, ಬುಧವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ.

ಎರಡು ಬೋರ್ಡಿಗೆ ಎರಡು ಪದ ಬೇಕಾಗಿದೆ. ಶುಕ್ರವಾರ ಮಧ್ಯಾಹ್ನ ಪ್ರಿಂಟಿಂಗ್ ಅಂಗಡಿಗೆ ಕೊಡಬೇಕು.

ನಮ್ಮ ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಮುಂದಿನ ವಾರ ಹಳೆಯ ವಿಡಿಯೋ ಗೇಮ್‌ಗಳ ಪುಟ್ಟ ಪ್ರದರ್ಶನ ಇಟ್ಟಿದ್ದೇವೆ. ಊರಿನ ಅಣ್ಣತಮ್ಮಂದಿರಿಬ್ಬರು ತಮ್ಮ ಸಂಗ್ರಹ ಕೊಟ್ಟಿದ್ದಾರೆ. ಎಲ್ಲವೂ ಜಪಾನಿನ ನಿಂಟೆಂಡೋ ಕಂಪನಿಯ ಜೆಲ್ಡಾ ಸರಣಿಯವು. ಒಂದು ಮೇಜಿನ ಮೇಲೆ ಟಿವಿಗೆ ಜೋಡಿಸಿ ಆಡುವಂಥವು: 1991ರ 'ಎ ಲಿಂಕ್ ಟು ದ ಪಾಸ್ಟ್', 1998ರ 'ಒಕರೀನಾ ಆಫ್ ಟೈಮ್'. ಇನ್ನೊಂದು ಮೇಜಿನ ಮೇಲೆ ಕೈಯಲ್ಲಿ ಹಿಡಿದು ಆಡುವಂಥವು: 1993ರ 'ಲಿಂಕ್ಸ್ ಅವೇಕನಿಂಗ್', 2001ರ 'ಒರಾಕಲ್' ಜೋಡಿ, 2007ರ 'ಫ್ಯಾಂಟಮ್ ಅವರ್‌ಗ್ಲಾಸ್'. ಎದುರುಬದುರು ಇಟ್ಟು ಹೋಲಿಸಿ ತೋರಿಸಬೇಕು ಅಂತ ಆಸೆ.

ಬೋರ್ಡಿನ ಅಗಲ ಎರಡಡಿ. 'ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್‌ಗಳು' ಅಂತ ಬರೆದರೆ ಅಕ್ಷರ ತೀರಾ ಸಣ್ಣದಾಗುತ್ತದೆ. 'ಹ್ಯಾಂಡ್‌ಹೆಲ್ಡ್', 'ಹೋಮ್ ಕನ್ಸೋಲ್' ಅಂತ ಹಾಗೇ ಬರೆಯಲು ಮನಸ್ಸಿಲ್ಲ. ನಾಲ್ಕನೇ ಕ್ಲಾಸಿನ ಮಕ್ಕಳು ಓದುವ ಬೋರ್ಡು ಅದು.

ಇನ್ನೊಂದು ಸಣ್ಣ ಪ್ರಶ್ನೆ. ಸರಣಿಯ ಒಂದೊಂದು ಗೇಮ್‌ಗೆ 'ಕಂತು' ಅನ್ನಬಹುದಾ?

ಮೈಸೂರಿನಿಂದ, ಬುಧವಾರ

ಮೇಡಂ, 'ಕೈಪಿಡಿ' ಅಂತ ಪದ ನಮ್ಮಲ್ಲಿ ಮೊದಲೇ ಇತ್ತು. ಕೈಯಲ್ಲಿ ಹಿಡಿಯುವುದು ಕೈಪಿಡಿ. ಪಕಾರ ಹಕಾರವಾಗುವುದಕ್ಕೆ ಮೊದಲಿನ ರೂಪವನ್ನೇ ಅದು ಉಳಿಸಿಕೊಂಡಿದೆ. ಅದನ್ನು ಪುಸ್ತಕಕ್ಕೆ ಕೊಟ್ಟುಬಿಟ್ಟೆವು. ಈಗ 'ಕೈಹಿಡಿ' ಅಂದರೆ ಮದುವೆಯ ಅರ್ಥ ಬರುತ್ತದೆ. ಹಾಗಾಗಿ ಅದೂ ಬೇಡ.

ಉಳಿದದ್ದು 'ಅಂಗೈ'. ಶಾಲೆಯಲ್ಲಿ ಇದನ್ನು ಅಂಶಿ ಸಮಾಸಕ್ಕೆ ಉದಾಹರಣೆಯಾಗಿ 'ಕೈಯ ಅಡಿ' ಎಂದು ಬಿಡಿಸುತ್ತಾರೆ. ನಾನು ಒಪ್ಪುವುದಿಲ್ಲ. ಅಡಿ ಎಂಬುದು ಅಂ ಆಗಿದ್ದು ಹೇಗೆ? ಇದು 'ಅಗಂ', ಅಂದರೆ ಒಳಗು. ತಮಿಳಿನ ಅಕಂ ನೋಡಿ. ಕೈಯ ಒಳಗಿನ ಭಾಗ ಅಂಗೈ. ಯಂತ್ರ ಕೈಯ ಒಳಗೆ ಕೂರುತ್ತದೆ, ಆದ್ದರಿಂದ ಪದವೂ ಕೂರುತ್ತದೆ.

'ಕಂತು' ಬೇಡ. ಒಂದರ ಹಿಂದೆ ಒಂದು ಬಂದರೆ ಮಾತ್ರ ಅದು ಕಂತು. ಸಾಲದ ಕಂತೂ ಹಾಗೇ, ಧಾರಾವಾಹಿಯ ಕಂತೂ ಹಾಗೇ.

ಬೆಂಗಳೂರಿನಿಂದ, ಬುಧವಾರ ಸಂಜೆ

ಹೋಮ್ ಕನ್ಸೋಲ್‌ಗೆ 'ಮನೆಯಂತ್ರ' ಅಂತ ಯಾರಾದರೂ ಹೇಳುವ ಮೊದಲೇ ತಡೆಯುತ್ತೇನೆ. ಅದು ಕನ್ನಡ, ಸಂಸ್ಕೃತ ಪದ ಬೆರೆಸಿದ ಅರಿಸಮಾಸ. ಅಚ್ಚಗನ್ನಡದಲ್ಲೇ ಮಾಡಬಹುದು: 'ಕಿರಿಯಾಟ', 'ಹಿರಿಯಾಟ'. ಒಂದು ಸಣ್ಣ ತೆರೆಯದು, ಒಂದು ದೊಡ್ಡ ತೆರೆಯದು. ಜೋಡಿಯೂ ಆಯಿತು, ಅಳತೆಯೂ ಆಯಿತು. ಇಷ್ಟಕ್ಕೆ ಸಂಸ್ಕೃತದ ಬಾಗಿಲು ತಟ್ಟಬೇಕಾಗಿಲ್ಲ.

ಧಾರವಾಡದಿಂದ, ಬುಧವಾರ ರಾತ್ರಿ

ಬೆಂಗಳೂರಿನ ಸರ್ ಹೇಳುವ ಜೋಡಿ ನಮ್ಮ ಕಡೆ ಮೊದಲೇ ಬೇರೆ ಕೆಲಸದಲ್ಲಿದೆ. ಸಣ್ಣಾಟ, ದೊಡ್ಡಾಟ. ದೊಡ್ಡಾಟ ಅಂದರೆ ಪುರಾಣದ ಕಥೆ, ಭಾರಿ ವೇಷ, ಅಬ್ಬರದ ಕುಣಿತ. ಸಣ್ಣಾಟ ಅಂದರೆ ಮಂದಿಯ ನಡುವಿನ ಕಥೆ, ಸಾದಾ ಉಡುಪು. ಸಣ್ಣಾಟ ದೊಡ್ಡಾಟದ ಮರಿಯಲ್ಲ. ಅದರ ರೀತಿಯೇ ಬೇರೆ. ಕಿರಿ, ಹಿರಿ ಅಂದಕೂಡಲೇ ಒಂದನ್ನು ಕೆಳಗೆ ಕೂರಿಸಿದ ಹಾಗೆ ಆಗುತ್ತದೆ.

ನನ್ನ ಸಲಹೆ 'ಸ್ಥಾವರ', 'ಜಂಗಮ'. ಶರಣರ ಕಾಲದ ಜೋಡಿ. ಮೊಬೈಲಿಗೆ ಜಂಗಮವಾಣಿ ಅಂತ ಬರೆಯುವ ಪತ್ರಿಕೆಗಳು ಇವತ್ತಿಗೂ ಇವೆ. ನಿಂತಲ್ಲಿ ನಿಂತದ್ದು ಸ್ಥಾವರ, ಹೊತ್ತೊಯ್ಯುವುದು ಜಂಗಮ.

ಬೆಂಗಳೂರಿನಿಂದ, ಬುಧವಾರ ರಾತ್ರಿ

ಜಂಗಮವಾಣಿ ಅಂತ ಬರೆಯುತ್ತಾರೆ, ನಿಜ. ಯಾರೂ ಆಡುವುದಿಲ್ಲ. ಸತ್ತ ಪದ.

ಶಿವಮೊಗ್ಗದಿಂದ, ಗುರುವಾರ ಬೆಳಿಗ್ಗೆ

ಎಲ್ಲರ ಉತ್ತರಕ್ಕೂ ಥ್ಯಾಂಕ್ಸ್. ಧಾರವಾಡದ ಸರ್, ಜಂಗಮ ಅಂದರೆ ನಮ್ಮ ಕಡೆಯ ಮಕ್ಕಳಿಗೆ ಮಠದ ಅಯ್ಯನವರು ಕಣ್ಣಿಗೆ ಬರುತ್ತಾರೆ. ಆ ಪದದ ಮೇಲೆ ನನಗೂ ಗೌರವ ಇದೆ. ಅದಕ್ಕೇ ಗೇಮ್ ಬೋರ್ಡಿಗೆ ಹಾಕಲು ಕೈ ಬರುತ್ತಿಲ್ಲ.

ಆದರೆ ಕಿರಿ–ಹಿರಿ ಯಾಕೆ ಬೇಡ ಅಂತ ನೀವು ಹೇಳಿದ್ದು ನನಗೆ ತುಂಬಾ ಮುಖ್ಯ. ಈ ಪ್ರದರ್ಶನ ಮಾಡುವ ಯೋಚನೆ ಹುಟ್ಟಿದ್ದೇ ಆ ಕಾರಣಕ್ಕೆ. ಕೈಯಲ್ಲಿ ಆಡುವ ಗೇಮ್ ಅಂದರೆ ಟಿವಿ ಗೇಮಿನ ಕುಗ್ಗಿಸಿದ ನಕಲು ಅಂತ ಜನ ತಿಳಿದಿರುತ್ತಾರೆ. ಒಂದು ಮಟ್ಟಿಗೆ 'ಲಿಂಕ್ಸ್ ಅವೇಕನಿಂಗ್' ಶುರುವಾದದ್ದೂ ಹಾಗೇ. ನಿಂಟೆಂಡೋದ ಕೆಲವರು ಕೆಲಸದ ಹೊತ್ತು ಮುಗಿದ ಮೇಲೆ 1991ರ ಗೇಮನ್ನು ಗೇಮ್ ಬಾಯ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಇಳಿಸಲು ಆಗುತ್ತದಾ ಅಂತ ಪ್ರಯೋಗ ಮಾಡಿದರು. ಆದರೆ ಗೇಮ್ ಬಾಯ್‌ನ ಪರದೆಯಲ್ಲಿ ಇದ್ದದ್ದು 160 ಅಡ್ಡ, 144 ಉದ್ದದ ಚುಕ್ಕಿಗಳು, ನಾಲ್ಕೇ ಛಾಯೆ. ದಿಕ್ಕಿನ ಗುಂಡಿ, ಸ್ಟಾರ್ಟ್, ಸೆಲೆಕ್ಟ್ ಬಿಟ್ಟರೆ ಎ ಮತ್ತು ಬಿ ಅಂತ ಎರಡೇ ಗುಂಡಿ. ಟಿವಿಯ ಗೇಮಿನಲ್ಲಿ ಕತ್ತಿಗೆ ಅದರದ್ದೇ ಗುಂಡಿ ಇತ್ತು. ಇಲ್ಲಿ ಕತ್ತಿ, ಗುರಾಣಿ, ಬಿಲ್ಲು ಎಲ್ಲವೂ ಆ ಎರಡು ಗುಂಡಿಗಳಿಗಾಗಿ ಸರದಿ ನಿಲ್ಲಬೇಕು. ಪದೇ ಪದೇ ಮೆನು ತೆಗೆದು ಬದಲಿಸಬೇಕು. ಕಿರಿಕಿರಿ ಅನ್ನಿಸುವುದು ನಿಜ. ಆದರೆ ಕತ್ತಿಯನ್ನು ಕೆಳಗಿಟ್ಟು ಎರಡು ಕೈಯಲ್ಲೂ ಬೇರೆ ಸಾಮಾನು ಹಿಡಿಯುವ ಸ್ವಾತಂತ್ರ್ಯ ಬಂದದ್ದೂ ಅಲ್ಲೇ. ಕಥೆಯೂ ಹಾಗೇ. ರಾಜಕುಮಾರಿ ಜೆಲ್ಡಾಳ ಹೆಸರಿನ ಸರಣಿಯಲ್ಲಿ ಆಕೆಯೇ ಇಲ್ಲದ ಒಂದು ದ್ವೀಪದ ಕಥೆ ಹೇಳಿದರು. ಟಿವಿಯ ಗೇಮಿಗೆ ಆ ಧೈರ್ಯ ಇರುತ್ತಿತ್ತೋ ಇಲ್ಲವೋ.

2001ರ 'ಒರಾಕಲ್' ಜೋಡಿಯನ್ನು ನಿರ್ದೇಶಿಸಿದವರು ಹಿದೆಮಾರೋ ಫುಜಿಬಯಾಶಿ. ಆಗ ಅವರು ಕ್ಯಾಪ್‌ಕಾಮ್ ಎಂಬ ಬೇರೆ ಗೇಮ್ ಕಂಪನಿಯಲ್ಲಿದ್ದರು. 2017ರಲ್ಲಿ 'ಬ್ರೆತ್ ಆಫ್ ದ ವೈಲ್ಡ್' ನಿರ್ದೇಶಿಸಿದವರೂ ಅವರೇ. ಕೈಯಲ್ಲಿ ಆಡುವ ಗೇಮ್ ಮಾಡಿ ಕಲಿತವರು ಮುಂದೆ ಸರಣಿಯ ಅದುವರೆಗಿನ ಅತಿ ವಿಶಾಲವಾದ ಗೇಮ್ ಮಾಡಿದರು. ಹೀಗಿರುವಾಗ ಯಾವುದನ್ನು ಕಿರಿದು ಅನ್ನಲಿ?

ಹಾಗಾಗಿ ಗಾತ್ರ ಹೇಳುವ ಪದ ಬೇಡವೇ ಬೇಡ. ದಯವಿಟ್ಟು ಬೇರೆ ಯೋಚಿಸಿ.

ಬೆಂಗಳೂರಿನಿಂದ, ಗುರುವಾರ

ಕಿರಿದು ಅಂದರೆ ಕೀಳು ಅಂತ ಅರ್ಥವಲ್ಲ. ಅದು ಓದುವವರ ಮನಸ್ಸಿನಲ್ಲಿರುವುದು, ಪದದಲ್ಲಿರುವುದಲ್ಲ. ಆದರೂ ಬೋರ್ಡು ನಿಮ್ಮದು.

ಒಸಾಕಾದಿಂದ, ಗುರುವಾರ ಮಧ್ಯಾಹ್ನ

ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಅಪರೂಪ. ಆದರೆ ನಿಂಟೆಂಡೋ ಇರುವ ಕ್ಯೋಟೋ ಇಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ. ಸುಮ್ನೆ ಇರಲಾಗಲಿಲ್ಲ.

ಜಪಾನಿಯರು ಇದೇ ಜೋಡಿಗೆ ಏನನ್ನುತ್ತಾರೆ ನೋಡಿ. ಟಿವಿಗೆ ಜೋಡಿಸುವ ಯಂತ್ರಕ್ಕೆ 'ಸುಎಓಕಿ'. ಸುಎರು ಅಂದರೆ ಒಂದು ಕಡೆ ಕೂರಿಸುವುದು, ಓಕು ಅಂದರೆ ಇಡುವುದು. ಕೂರಿಸಿ ಇಟ್ಟದ್ದು, ಅಷ್ಟೇ. ಮನೆಯ ಮಾತೇ ಇಲ್ಲ. ಇನ್ನೊಂದಕ್ಕೆ 'ಕೇತಾಯ್', ಜೊತೆಗೆ ಒಯ್ಯುವುದು. ಮೊಬೈಲ್ ಫೋನಿಗೂ ಇಲ್ಲಿ ಕೇತಾಯ್ ಅಂತಲೇ ಹೇಳುತ್ತಾರೆ. ಅಂದರೆ ಧಾರವಾಡದ ಸರ್ ಹೇಳಿದ ದಾರಿಯಲ್ಲೇ ಇವರೂ ನಡೆದಿದ್ದಾರೆ. ವ್ಯತ್ಯಾಸ ಒಂದೇ, ಇಲ್ಲಿ ಎಲ್ಲರೂ ಆ ಪದವನ್ನು ಆಡುತ್ತಾರೆ.

ಇನ್ನೊಂದು ವಿಷಯ. ವಿಡಿಯೋ ಗೇಮ್‌ಗೆ ಇಲ್ಲಿ 'ತೆರೆಬಿ ಗೇಮು' ಅನ್ನುತ್ತಾರೆ. ತೆರೆಬಿ ಅಂದರೆ ಟೆಲಿವಿಷನ್. 90ರ ದಶಕದಲ್ಲಿ ಮೆಜೆಸ್ಟಿಕ್ ಹತ್ತಿರದ ಅಂಗಡಿಗಳಲ್ಲಿ ನಾವು 'ಟಿವಿ ಗೇಮ್ ಕ್ಯಾಸೆಟ್ ಕೊಡಿ' ಅಂತ ಕೇಳುತ್ತಿದ್ದೆವಲ್ಲ, ಅದೇ ಪದ. ಜಪಾನಿನಲ್ಲೂ ಕರ್ನಾಟಕದಲ್ಲೂ ಮಕ್ಕಳು ಒಂದೇ ಹೆಸರಿಟ್ಟರು. ನನಗೆ ಇದು ಬಹಳ ಇಷ್ಟವಾದ ಸಂಗತಿ.

ಮೈಸೂರಿನಿಂದ, ಗುರುವಾರ

ಒಸಾಕಾದವರು ಹೇಳಿದ್ದು ಒಳ್ಳೆಯದಾಯಿತು. 'ಟಿವಿ'ಯನ್ನು ನಾನು ವಿರೋಧಿಸುವುದಿಲ್ಲ. ಆದರೆ ಅಂಗೈಯನ್ನು ಯಾರೂ ಗಮನಿಸಲಿಲ್ಲ. ಕೈ ಎಂಬುದು ಕನ್ನಡದಲ್ಲಿ ಅಂಗ ಮಾತ್ರವಲ್ಲ, ಸಲಕರಣೆಯೂ ಹೌದು. 'ಬೀಗದಕೈ' ಯೋಚಿಸಿ. ಬೀಗಕ್ಕೆ ಕೈ ಎಲ್ಲಿಂದ ಬಂತು? ಕೆಲಸ ಮಾಡಿಸುವುದು ಕೈ.

ಬೆಂಗಳೂರಿನಿಂದ, ಗುರುವಾರ

'ಟಿವಿ' ಕನ್ನಡವಲ್ಲ. 'ತೆರೆ' ಇದೆ.

ಧಾರವಾಡದಿಂದ, ಗುರುವಾರ

ತೆರೆ ಎರಡು ಯಂತ್ರಕ್ಕೂ ಇದೆಯಲ್ಲ ಸರ್. ತೆರೆಯಾಟ ಅಂದರೆ ಯಾವುದು ಅಂತ ತಿಳಿಯಬೇಕು?

ಮತ್ತೆ ಕನ್ನಡ, ಕನ್ನಡವಲ್ಲ ಅನ್ನುವ ಮಾತು. ನೀವು ಕೂತಿರುವ ಕುರ್ಚಿ ಅರಬ್ಬಿಯದು. ನಮ್ಮ ಕಡೆ ಬಾಗಿಲಿಗೆ ಹಾಕುವ ಚಾವಿ ಪೋರ್ಚುಗೀಸರದು. ಮಳೆಗಾಲ ಅರಿಸಮಾಸ. ಇವೆಲ್ಲ ನಮ್ಮ ಅವ್ವಂದಿರ ಬಾಯಲ್ಲಿ ಹಣ್ಣಾಗಿ ಬಂದ ಪದಗಳು. ಹೊರಗಿಂದ ಬಂದದ್ದಕ್ಕೆ ಅಂಜಬೇಕಾಗಿಲ್ಲ. ಮಂದಿಯ ಬಾಯಿಗೆ ಬಾರದೆ ಕಾಗದದ ಮೇಲೇ ಉಳಿಯುವ ಪದಕ್ಕೆ ಅಂಜಬೇಕು. ನನ್ನ ಜಂಗಮವೂ ಸೇರಿ ಈ ಮಾತು ಹೇಳುತ್ತಿದ್ದೇನೆ.

ಬೆಂಗಳೂರಿನಿಂದ, ಗುರುವಾರ ರಾತ್ರಿ

ಕುರ್ಚಿಯ ಉದಾಹರಣೆ ಇಲ್ಲಿ ನೂರು ಸಲ ಬಂದಿದೆ. ಕುರ್ಚಿ ಬಂದಾಗ ಅದರೊಂದಿಗೆ ಒಂದು ವಸ್ತು ಬಂತು, ಒಂದು ಪದ ಬಂತು. ಈಗ ದಿನಕ್ಕೆ ಹತ್ತು ಬರುತ್ತಿವೆ. ಹೊಸ ಪದ ಕಟ್ಟುವ ಅಭ್ಯಾಸವನ್ನೇ ಬಿಟ್ಟರೆ ಮುಂದಿನ ಮಕ್ಕಳಿಗೆ ಕ್ರಿಯಾಪದ ಮಾತ್ರ ಕನ್ನಡದಲ್ಲಿ ಉಳಿಯುತ್ತದೆ. ಗೇಮ್ ಪ್ಲೇ ಮಾಡಿ ವಿನ್ ಆದೆ ಅಂತ ನನ್ನ ಮೊಮ್ಮಗ ಹೇಳುತ್ತಾನೆ. ನನಗೆ ನೋವಾಗುತ್ತದೆ. ಆ ನೋವಿನಿಂದ ಬರೆಯುತ್ತಿದ್ದೇನೆ, ಹಟದಿಂದಲ್ಲ.

ಕುಂದಾಪುರದಿಂದ, ಗುರುವಾರ ರಾತ್ರಿ

ಒಂದು ಮಾತು ಸೇರಿಸುತ್ತೇನೆ. ನಮ್ಮಲ್ಲಿ ಆಟ ಅಂದರೆ ಯಕ್ಷಗಾನ. 'ಇವತ್ತು ಆಟ ಉಂಟು' ಅಂದರೆ ಯಾರೂ ಬೇರೆ ಕೇಳುವುದಿಲ್ಲ. ಹಾಗಾಗಿ 'ಟಿವಿ ಆಟ' ಅಂದರೆ ಟಿವಿಯಲ್ಲಿ ಯಕ್ಷಗಾನ ಅಂತ ನನ್ನ ತಾಯಿ ಕೂತುಬಿಡುತ್ತಾರೆ. ಶಿವಮೊಗ್ಗದಲ್ಲಿ ಆ ತೊಂದರೆ ಇರಲಿಕ್ಕಿಲ್ಲ.

ಆದರೆ ಸಣ್ಣಾಟ, ದೊಡ್ಡಾಟದ ಮಾತು ಬಂದಾಗ ಬಯಲಾಟ ಯಾರಿಗೂ ಹೊಳೆಯಲಿಲ್ಲವಲ್ಲ. ಬಯಲಲ್ಲಿ ಆಡುವುದು ಬಯಲಾಟ. ಎಲ್ಲಿ ಆಡುತ್ತೇವೋ ಆ ಜಾಗದ ಹೆಸರು ಮುಂದೆ, ಆಟ ಹಿಂದೆ. ಅಳತೆ ಇಲ್ಲ, ಮೇಲುಕೀಳಿಲ್ಲ. ಪದ ಕಟ್ಟುವ ದಾರಿ ನಮ್ಮದೇ. ಬೆಂಗಳೂರಿನವರಿಗೂ ಒಪ್ಪಿಗೆಯಾಗಬೇಕು. ಅಂಗೈಯಲ್ಲಿ ಆಡುವುದು ಅಂಗೈಯಾಟ.

ಶಿವಮೊಗ್ಗದಿಂದ, ಶುಕ್ರವಾರ ಬೆಳಿಗ್ಗೆ

ಕುಂದಾಪುರದವರೇ, ರಾತ್ರಿ ನಿಮ್ಮ ಪತ್ರ ಓದಿ ನಿದ್ದೆಯೇ ಬರಲಿಲ್ಲ. ಬಯಲಾಟದ ಅಚ್ಚು ಕೈಗೆ ಸಿಕ್ಕಿದ ಮೇಲೆ ಉಳಿದದ್ದೆಲ್ಲ ಸಲೀಸಾಯಿತು.

'ಮನೆ' ಯಾಕೆ ಬೇಡ ಅಂತಲೂ ಈಗ ಸ್ಪಷ್ಟವಾಗಿದೆ. ಗೇಮ್ ಬಾಯ್ ಅನ್ನೂ ಮಕ್ಕಳು ಮನೆಯಲ್ಲೇ, ಹೊದಿಕೆಯೊಳಗೆ, ನಾಲ್ಕು ಪೆನ್ಸಿಲ್ ಸೆಲ್ ತೀರುವವರೆಗೆ ಆಡುತ್ತಿದ್ದರು. ಮನೆ ಅನ್ನುವುದು ಭೇದವೇ ಅಲ್ಲ. ಭೇದ ಇರುವುದು ಕಣ್ಣು ಎಲ್ಲಿ ನೋಡುತ್ತದೆ, ಕೈ ಏನು ಮಾಡುತ್ತದೆ ಅನ್ನುವುದರಲ್ಲಿ. ಟಿವಿಯ ಗೇಮಿನಲ್ಲಿ ಕೈ ಇಲ್ಲಿ, ಚಿತ್ರ ಅಲ್ಲಿ. ಅಂಗೈಯದರಲ್ಲಿ ಎರಡೂ ಒಂದೇ ಕಡೆ. 'ಫ್ಯಾಂಟಮ್ ಅವರ್‌ಗ್ಲಾಸ್'ನಲ್ಲಿ ಒಂದು ಒಗಟು ಇದೆ. ಅದರ ಯಂತ್ರಕ್ಕೆ ಎರಡು ಪರದೆ. ಮೇಲಿನ ಪರದೆಯ ಗುರುತನ್ನು ಕೆಳಗಿನ ಪರದೆಯ ನಕಾಶೆಗೆ ಒತ್ತಬೇಕು. ಮಕ್ಕಳು ಏನೇನೋ ಗುಂಡಿ ಒತ್ತುತ್ತಾರೆ. ಉತ್ತರ ಏನೆಂದರೆ ಯಂತ್ರವನ್ನೇ ಪುಸ್ತಕದ ಹಾಗೆ ಮಡಚಿ ಮುಚ್ಚಬೇಕು. ತೆರೆದರೆ ಗುರುತು ಬಿದ್ದಿರುತ್ತದೆ. ಟಿವಿಯನ್ನು ಮಡಚಲು ಆಗುತ್ತದಾ? ಅಂಗೈಯಾಟ ಅಂದರೆ ಏನು ಅಂತ ಆ ಒಂದು ಒಗಟೇ ಹೇಳುತ್ತದೆ.

ಈಗ ಸಿಕ್ಕಿಕೊಂಡಿರುವುದು ಒಂದೇ ಕಡೆ. ಮೇಜು ದಾಟಿ ಓಡಾಡಿದ ಗೇಮ್‌ಗಳು ಕೆಲವಿವೆ. 1994ರಲ್ಲೇ ಸೂಪರ್ ಗೇಮ್ ಬಾಯ್ ಅನ್ನುವ ಸಲಕರಣೆ ಬಂದು, ಗೇಮ್ ಬಾಯ್ ಕ್ಯಾಸೆಟ್ಟನ್ನು ಟಿವಿಯಲ್ಲಿ ಆಡಬಹುದಾಯಿತು. 'ಒಕರೀನಾ' 2011ರಲ್ಲಿ 3ಡಿಎಸ್ ಎಂಬ ಯಂತ್ರದ ಮೂಲಕ ಅಂಗೈಗೆ ಬಂತು. 2017ರ 'ಬ್ರೆತ್ ಆಫ್ ದ ವೈಲ್ಡ್' ಅಂತೂ ಸ್ವಿಚ್ ಯಂತ್ರದಲ್ಲಿ ಎರಡೂ ಹೌದು. ಟಿವಿಗೆ ಜೋಡಿಸಿದ ಅದರ ತೊಟ್ಟಿಲಿಗೆ ಹಾಕಿದರೆ ಟಿವಿಯಲ್ಲಿ 900 ಸಾಲಿನ ಚಿತ್ರ, ತೆಗೆದರೆ ಅದರದ್ದೇ ಪರದೆಯಲ್ಲಿ 720 ಸಾಲು. ಅದನ್ನು ಎರಡು ಮೇಜಿನ ನಡುವೆ ಇಡುತ್ತೇನೆ. ಅದಕ್ಕೊಂದು ಚಿಕ್ಕ ಚೀಟಿ ಬೇಕು.

ಮೈಸೂರಿನಿಂದ, ಶುಕ್ರವಾರ

ಅಂಗೈಯಾಟ. ಯಕಾರಾಗಮ ಬಿಡಬೇಡಿ. 'ಅಂಗೈ ಆಟ' ಎಂದು ಒಡೆದು ಬರೆದರೆ ಬಯಲಾಟದ ಅಚ್ಚು ಕೆಡುತ್ತದೆ.

ಬೆಂಗಳೂರಿನಿಂದ, ಶುಕ್ರವಾರ

ಅಂಗೈಯಾಟಕ್ಕೆ ನನ್ನ ಪೂರ್ತಿ ಒಪ್ಪಿಗೆ. ಟಿವಿಯಾಟಕ್ಕೆ ಒಪ್ಪಿಗೆ ಇಲ್ಲ, ಆದರೆ ಇವತ್ತಿನ ಮಟ್ಟಿಗೆ ಅದಕ್ಕಿಂತ ಒಳ್ಳೆಯದು ನನ್ನ ಬಳಿಯೂ ಇಲ್ಲ. ನಡುವಿನ ಚೀಟಿಗೆ 'ಎರಡೂ ಕಡೆಯದು' ಅಂತ ಬರೆಯಿರಿ. ಹೊಸ ಪದ ಬೇಕಾಗಿಲ್ಲ.

ಶಿವಮೊಗ್ಗದಿಂದ, ಶುಕ್ರವಾರ ಮಧ್ಯಾಹ್ನ

ಅಂಗೈಯಾಟ, ಟಿವಿಯಾಟ, ಎರಡೂ ಕಡೆಯದು. ಮೂರನ್ನೂ ಈಗಷ್ಟೇ ಅಂಗಡಿಗೆ ಕೊಟ್ಟು ಬಂದೆ. 'ಕಂತು' ಬಿಟ್ಟೆ, ಸುಮ್ನೆ 'ಸರಣಿಯ 4ನೇ ಆಟ' ಅಂತ ಬರೆಸಿದ್ದೇನೆ. ಅಂಗಡಿಯ ಹುಡುಗ ಟೈಪ್ ಮಾಡುತ್ತಾ 'ಅಂಗೈಯಾಟ' ಅಂತ ಒಂದು ಸಲ ಬಾಯಿಬಿಟ್ಟು ಓದಿದ. ಏನು ಅಂತ ಕೇಳಲಿಲ್ಲ.