"ನಂಗೆ ಬರೂದಿಲ್ಲ" ಅನ್ನುವ ಮಕ್ಕಳಿಗೆ ತರಗತಿಯಲ್ಲಿ ನಿಜವಾಗಿ ಮಾಡಬೇಕಾದ್ದೇನು?

ಪ್ರಶ್ನೆ: ಅಂಕೋಲಾ ಕಡೆಯ ಅಕ್ಕೋರು (ಶಿಕ್ಷಕಿ)

ನಾಲ್ಕನೇ ತರಗತಿ, 22 ಮಕ್ಕಳು, ಅರ್ಧಕ್ಕರ್ಧ ಮಕ್ಕಳ ಮನೆಮಾತು ಕೊಂಕಣಿ. ದಶಕ ಸಹಿತ (ಹತ್ತರ ಸ್ಥಾನದಿಂದ ಹತ್ತು ತರಬೇಕಾದ) ಕಳೆಯುವ ಲೆಕ್ಕ ಬಂತು ಅಂದ್ರೆ ಏಳೆಂಟು ಮಕ್ಕಳು ಪೆನ್ಸಿಲ್ ಕೆಳಗಿಟ್ಟು "ನಂಗೆ ಬರೂದಿಲ್ಲ" ಅಂತಾರೆ. ಉಳಿದವರಲ್ಲಿ ಕೆಲವರು ಬರೀತಾರೆ, ಆದ್ರೆ ಯಾರಾದ್ರೂ ಹತ್ತಿರ ಬಂದ ಕೂಡ್ಲೇ ಹಾಳೆ ಹರಿಯುವ ಹಾಗೆ ಒರೆಸಿಬಿಡ್ತಾರೆ. "ತಪ್ಪಿನಿಂದಲೇ ಕಲಿಕೆ" ಅಂತ ಗೋಡೆಗೆ ಚಾರ್ಟ್ ಹಾಕಿದ್ದಾಯ್ತು. ಬುದ್ಧಿಯನ್ನು ಹೊಗಳಬಾರದು, ಪ್ರಯತ್ನವನ್ನು ಹೊಗಳಬೇಕು ಅಂತ ಓದಿ, ಒಂದೂವರೆ ತಿಂಗಳು "ಶಾಬ್ಬಾಸ್, ಚೆನ್ನಾಗಿ ಪ್ರಯತ್ನ ಮಾಡಿದ್ದೀ" ಅಂದಿದ್ದೂ ಆಯ್ತು. ರಬ್ಬರ್ ಸವೆಯೋದು ಮಾತ್ರ ನಿಂತಿಲ್ಲ. 40 ನಿಮಿಷದ ಅವಧಿಯಲ್ಲಿ ಮಾಡಬಹುದಾದ್ದನ್ನು ಯಾರಾದ್ರೂ ಬಿಡಿಸಿ ಹೇಳ್ತೀರಾ?

ಉತ್ತರ 1: ಶಿರಸಿ, ಗಣಿತ ತರಬೇತಿ

ಅಕ್ಕೋರೇ, ಚಾರ್ಟ್ ಇರಲಿ ಬಿಡಿ, ಗೋಡೆಗೆ ಚೆಂದ. ಮಗು ನೋಡೋದು ಗೋಡೆಯನ್ನಲ್ಲ, ತನ್ನ ತಪ್ಪು ಲೆಕ್ಕಕ್ಕೆ ಏನು ಗತಿಯಾಯ್ತು ಅನ್ನೋದನ್ನ. ಕೆಂಪು ಇಂಟು ಬಿದ್ದು ಪುಟ ಮಗುಚಿತು ಅಂದ್ರೆ ಅಲ್ಲಿಗೆ ಕಥೆ ಮುಗೀತು. ಅದಕ್ಕಿಂತ ಮೊದಲೇ ಒರೆಸಿಬಿಡೋದು ಜಾಣತನ ಅಂತ ಮಗುವಿಗೆ ಅನಿಸೋದು ಸಹಜವೇ.

ಮೊದಲು ಸಂಶೋಧನೆಯ ವಿಷಯ, ಚಿಕ್ಕದಾಗಿ. 1998ರಲ್ಲಿ ಅಮೆರಿಕದಲ್ಲಿ ಕ್ಲಾಡಿಯಾ ಮ್ಯುಲರ್ ಮತ್ತು ಕ್ಯಾರಲ್ ಡ್ವೆಕ್ ಅನ್ನೋ ಮನಶ್ಶಾಸ್ತ್ರಜ್ಞೆಯರು ಐದನೇ ತರಗತಿ ಮಕ್ಕಳಿಗೆ ಒಗಟಿನಂಥ ಲೆಕ್ಕ ಕೊಟ್ಟು, ಕೆಲವರಿಗೆ "ನೀನು ಬುದ್ಧಿವಂತ" ಅಂತ, ಕೆಲವರಿಗೆ "ಕಷ್ಟಪಟ್ಟು ಮಾಡಿದ್ದೀ" ಅಂತ ಒಂದೇ ಒಂದು ಸಾಲು ಹೊಗಳಿದರು. ಆಮೇಲೆ ಕಠಿಣ ಲೆಕ್ಕ ಕೊಟ್ಟು ಸೋಲಿಸಿದರು. ಮತ್ತೆ ಸುಲಭದ್ದು ಕೊಟ್ಟಾಗ ಬುದ್ಧಿವಂತ ಅನ್ನಿಸಿಕೊಂಡವರು ಮೊದಲಿಗಿಂತ ಕೆಳಗಿಳಿದರು. ಇದು ಎಲ್ಲರೂ ಹೇಳುವ ಅರ್ಧ. ಇನ್ನರ್ಧ ಇಲ್ಲಿದೆ: ಇಂಗ್ಲೆಂಡಿನಲ್ಲಿ ಸುಮಾರು 100 ಶಾಲೆಗಳ 10–11 ವಯಸ್ಸಿನ ಮಕ್ಕಳಿಗೆ "ಪ್ರಯತ್ನದಿಂದ ಬುದ್ಧಿ ಬೆಳೀತದೆ" ಅನ್ನೋ ಮನೋಭಾವದ ಪಾಠಗಳನ್ನೇ ಮಾಡಿ ನೋಡಿದರು. 2019ರಲ್ಲಿ ಬಂದ ವರದಿಯಲ್ಲಿ, ಆ ಪಾಠ ಸಿಗದ ಮಕ್ಕಳಿಗಿಂತ ಕಲಿಕೆಯಲ್ಲಿ ಹೆಚ್ಚಿನ ಪ್ರಗತಿ ಕಾಣಲಿಲ್ಲ. ಅಂದ್ರೆ ಮನೋಭಾವವನ್ನೇ ಒಂದು ಪಾಠ ಮಾಡಿ ಕಲಿಸಲು ಹೊರಟರೆ ಕೈಗೆ ಹತ್ತೋದು ಕಡಿಮೆ. ಕಳೆಯುವ ಲೆಕ್ಕದ ಒಳಗೇ ಅದನ್ನು ಹೂಡಬೇಕು.

52 – 27 ತಗೊಳ್ಳಿ. ಮಗು 35 ಅಂತ ಬರೀತದೆ. ಈ 35ಕ್ಕೆ ಎರಡು ಬೇರೆ ಬೇರೆ ದಾರಿಗಳಿವೆ.

ಒಂದು ದಾರಿ: ಬಿಡಿಸ್ಥಾನದಲ್ಲಿ 2ರಿಂದ 7 ಹೋಗೂದಿಲ್ಲ, ಹಾಗಾಗಿ ತಿರುಗಿಸಿ 7ರಿಂದ 2 ಕಳೆದು 5 ಬರೆಯೋದು. "ಯಾವಾಗಲೂ ದೊಡ್ಡದರಿಂದ ಚಿಕ್ಕದು ಕಳೀಬೇಕು" ಅಂತ ಒಂದು–ಎರಡನೇ ತರಗತಿಯಲ್ಲಿ ನಾವೇ ಹೇಳಿರ್ತೇವಲ್ಲ, ಅದನ್ನೇ ಮಗು ನಿಷ್ಠೆಯಿಂದ ಪಾಲಿಸ್ತಿದೆ. ಇನ್ನೊಂದು ದಾರಿ: ಹತ್ತು ತಂದು 12ರಿಂದ 7 ಕಳೆದು 5 ಸರಿಯಾಗಿಯೇ ಬರೀತದೆ, ಆದ್ರೆ ಹತ್ತರ ಸ್ಥಾನದ 5ನ್ನು 4 ಮಾಡೋದು ಮರೆತು 5ರಿಂದ 2 ಕಳೆದು 3 ಬರೀತದೆ. ಉತ್ತರ ಅದೇ 35. ಮೊದಲನೇ ಮಗುವಿಗೆ ಸ್ಥಾನಬೆಲೆಯೇ ಕೂತಿಲ್ಲ. ಎರಡನೇ ಮಗು ಮುಕ್ಕಾಲು ದಾರಿ ಬಂದಾಗಿದೆ. ಇಬ್ಬರಿಗೂ ಒಂದೇ ಇಂಟು, ಒಂದೇ "ಪ್ರಯತ್ನ ಚೆನ್ನಾಗಿದೆ" ಅಂದ್ರೆ ಇಬ್ಬರಿಗೂ ಏನೂ ಸಿಕ್ಕಿದ ಹಾಗಾಗೂದಿಲ್ಲ. ಯಾವ ದಾರಿ ಅಂತ ತಿಳಿಯೋದು 2ರ ಮೇಲೆ ಪುಟ್ಟದಾಗಿ 12 ಬರೆದ ಗುರುತಿನಿಂದ. ಒರೆಸಿದ್ರೆ ಹೋಗೋದು ಆ ಗುರುತೇ. ಅದಕ್ಕೇ ಗಣಿತದ ಅವಧಿಯಲ್ಲಿ ರಬ್ಬರ್ ಎಲ್ಲ ಒಂದು ಡಬ್ಬಿಗೆ. ತಪ್ಪಿದ್ದಕ್ಕೆ ಒಂದೇ ಒಂದು ಗೆರೆ, ಓದಲು ಬರುವ ಹಾಗೆ, ಕೆಳಗೆ ಮತ್ತೆ ಹೊಸದಾಗಿ. ಮೊದಲ ವಾರ ಗೊಣಗ್ತಾರೆ, ಚಿತ್ರದ ಅವಧಿಗೆ ಡಬ್ಬಿ ವಾಪಸ್ ಬರ್ತದೆ ಅಂತ ಹೇಳಿ.

40 ನಿಮಿಷ ಹೀಗೆ ಹಂಚಿ. ಮೊದಲ 5 ನಿಮಿಷ, ಚೀಟಿಯಲ್ಲಿ ಒಂದೇ ಲೆಕ್ಕ, ಹಾಜರಿ ಸಂಖ್ಯೆ ಹಿಂಬದಿಗೆ. ಮುಂದಿನ 3 ನಿಮಿಷ ಅವರು ಬಾಯಿಲೆಕ್ಕ ಮಾಡ್ತಿರುವಾಗ ನೀವು 22 ಚೀಟಿಯನ್ನು ಸರಿ, ತಪ್ಪು, ಖಾಲಿ ಅಂತ ಮೂರು ಕಟ್ಟು ಮಾಡಿ. ತಪ್ಪಿನ ಕಟ್ಟಿನಿಂದ ಒಂದನ್ನು ನಿಮ್ಮ ಅಕ್ಷರದಲ್ಲಿ ಹಲಗೆಗೆ ಬರೆಯಿರಿ. ಮಗುವಿನ ಚೀಟಿ ಎತ್ತಿ ತೋರಿಸಿದ್ರೋ, ಇಡೀ ತರಗತಿಗೆ ಯಾರದ್ದಂತ ಗೊತ್ತಾಗ್ತದೆ, ನಾಳೆ ಆ ಮಗು ಖಾಲಿ ಚೀಟಿ ಕೊಡ್ತದೆ. 8–10 ನಿಮಿಷ ಮೂರೇ ಪ್ರಶ್ನೆ, ಇದೇ ಕ್ರಮದಲ್ಲಿ: ಇದರಲ್ಲಿ ಸರಿಯಾಗಿರೋದು ಯಾವುದು? ದಾರಿ ತಪ್ಪಿದ್ದೆಲ್ಲಿ? ಹೀಗೆ ಮಾಡಿದವರು ಏನಂತ ಯೋಚಿಸಿರಬಹುದು? ಎರಡನೇ ಪ್ರಶ್ನೆಯಿಂದಲೇ ಶುರು ಮಾಡಿದ್ರೆ ಮಕ್ಕಳು ತಪ್ಪು ಹಿಡಿಯೋ ಪೊಲೀಸರಾಗ್ತಾರೆ.

ಆಮೇಲೆ 12 ನಿಮಿಷ ಕಡ್ಡಿ. ಇಬ್ಬರಿಗೆ ನೂರು ಕಡ್ಡಿ, ಹತ್ತರ ಕಟ್ಟು. ತೆಂಗಿನ ಮಡಲಿನ ಕಡ್ಡಿ ಅರ್ಧ ಗೇಣಿಗೆ ಮುರಿದರೆ ಸಾಕು. ಐದು ಕಟ್ಟು, ಎರಡು ಬಿಡಿ ಕಡ್ಡಿ ಮುಂದಿಟ್ಟು "ಇಪ್ಪತ್ತೇಳು ತೆಗೆ" ಅನ್ನಿ. ಬಿಡಿ ಎರಡೇ ಇವೆ, ಏಳು ಬೇಕು. ಮಗು ನಿಮ್ಮ ಮುಖ ನೋಡ್ತದೆ. ಅಲ್ಲೇ ಸುಮ್ಮನಿರಿ, ಮನಸ್ಸಲ್ಲೇ ಹತ್ತು ಎಣಿಸಿ. ಹೆಚ್ಚಿನ ಜೋಡಿಗಳಲ್ಲಿ ಯಾರಾದರೊಬ್ಬರು ಒಂದು ಕಟ್ಟು ಬಿಚ್ಚುತ್ತಾರೆ. ಬಿಚ್ಚಿದ ಆ ಕ್ಷಣಕ್ಕೇ ಪಟ್ಟಿಯಲ್ಲಿ (ನೋಟ್‌ಬುಕ್ಕಿನಲ್ಲಿ) 5ಕ್ಕೆ ಗೆರೆ ಹೊಡೆದು 4, 2ರ ಮೇಲೆ 12. ಕಡ್ಡಿ ಇವತ್ತು, ಬರವಣಿಗೆ ನಾಳೆ ಅಂತ ಮಾಡಿದ್ರೆ ಎರಡಕ್ಕೂ ಸಂಬಂಧವೇ ಉಳಿಯೂದಿಲ್ಲ. ಕಡ್ಡಿ ಆಟವಾಗ್ತದೆ, ಲೆಕ್ಕ ಹಾಗೇ ಇರ್ತದೆ.

ಕೊನೆಯ 10 ನಿಮಿಷ ಅದೇ ಚೀಟಿಯಲ್ಲಿ, ಮೊದಲನೆಯದರ ಕೆಳಗೆ, ಅದೇ ಜಾತಿಯ ಬೇರೆ ಲೆಕ್ಕ, 63 – 38 ಥರ. ಸಂಖ್ಯೆ ಬದಲಿಸದೇ ಹೋದ್ರೆ ಹಲಗೆಯಿಂದ ನಕಲು ಮಾಡ್ತಾರೆ. ವಾರಕ್ಕೆ ಎರಡು ಸಲ ಸಾಕು, ದಿನಾ ಮಾಡಿದ್ರೆ ಪಾಠ ಮುಗಿಯೂದಿಲ್ಲ.

ಉತ್ತರ 2: ಕಾರವಾರ, ಭಾಷೆ ಮತ್ತು ಪ್ರಾಥಮಿಕ ಕಲಿಕೆ

ಶಿರಸಿ ಮಾಸ್ತರು ಹೇಳಿದ್ದಕ್ಕೆ ಎರಡು ಸೇರಿಸ್ತೇನೆ.

ಕೊಂಕಣಿ ಮನೆಮಾತಿನ ಮಕ್ಕಳಿಗೆ ಒಂದು ಪರೀಕ್ಷೆ ಮಾಡಿ. ಕನ್ನಡದಲ್ಲಿ ಇಪ್ಪತ್ತೈದು ಅಂದ್ರೆ ಮೊದಲು ಇಪ್ಪತ್ತು, ಆಮೇಲೆ ಐದು, ಬರೆಯುವ ಕ್ರಮವೂ ಅದೇ. ಕೊಂಕಣಿಯಲ್ಲಿ ಪಂಚವೀಸ, ಐದು ಮೊದಲು, ಇಪ್ಪತ್ತು ಆಮೇಲೆ. ತಲೆಯೊಳಗೆ ಕೊಂಕಣಿಯಲ್ಲಿ ಎಣಿಸುವ ಮಗು 25ರ ಬದಲು 52 ಬರೆದ್ರೆ ಅದು ಗಣಿತದ ದೋಷವೇ ಅಲ್ಲ. ಹತ್ತು ಸಂಖ್ಯೆ ಕನ್ನಡದಲ್ಲಿ ಹೇಳಿ ಬರೆಸಿ, ಅದೇ ಹತ್ತನ್ನು ಬೇರೆ ದಿನ ಕೊಂಕಣಿಯಲ್ಲಿ (ನಿಮಗೆ ಬಾರದಿದ್ರೆ ಮಕ್ಕಳಲ್ಲೇ ಒಬ್ಬರಿಂದ) ಹೇಳಿಸಿ ಬರೆಸಿ. ಕೊಂಕಣಿ ಪಟ್ಟಿಯಲ್ಲಿ ಮಾತ್ರ ಅಂಕೆ ತಿರುಗಿದ್ರೆ ಕಾರಣ ಸಿಕ್ಕಿತು. ಎರಡೂ ಭಾಷೆಯ ಹೆಸರನ್ನು ಹಲಗೆ ಮೇಲೆ ಅಕ್ಕಪಕ್ಕ ಬರೆದು, ಐದು ಎಲ್ಲಿ ಕೇಳಿಸ್ತು, ಎಲ್ಲಿ ಕೂರ್ತದೆ ಅಂತ ಬಾಣ ಹಾಕಿ ತೋರಿಸಿ. "ನನ್ನ ತಲೆ ಸರಿ ಇಲ್ಲ" ಅಂದುಕೊಂಡ ಮಗುವಿಗೆ ನಿಜ ಕಾರಣ ತೋರಿಸೋದಕ್ಕಿಂತ ದೊಡ್ಡ ಹೊಗಳಿಕೆ ಬೇಕಾಗೂದಿಲ್ಲ.

ಎರಡನೆಯದು ಮಾತಿನ ವಿಷಯ. ಇಂಗ್ಲಿಷ್ ಪುಸ್ತಕಗಳನ್ನು ನೋಡಿ, ಮಗುವಿನ "ಬರೂದಿಲ್ಲ"ಕ್ಕೆ "ಇನ್ನೂ" ಸೇರಿಸಿ ಅಂತ ತರಬೇತಿಗಳಲ್ಲಿ ಹೇಳ್ತಾರೆ. ಅವರ ಭಾಷೆಯಲ್ಲಿ ಅದು ಸಮಾಧಾನ. ನಮ್ಮಲ್ಲಿ "ಇನ್ನೂ ಬಂದಿಲ್ವಾ?" ಅಂದ್ರೆ ಅಪ್ಪಟ ಬೈಗುಳ, ಯಾವ ಮಗುವಿನ ಕಿವಿಗೂ ಹಾಗೇ ಬೀಳ್ತದೆ. ಅದರ ಅಗತ್ಯವೂ ಇಲ್ಲ. ಕನ್ನಡದ ಕ್ರಿಯಾಪದದಲ್ಲೇ ಆ ವ್ಯತ್ಯಾಸ ಇದೆಯಲ್ಲ: "ಬರೂದಿಲ್ಲ" ಅಂದ್ರೆ ಎಂದಿಗೂ ಇಲ್ಲ, "ಬಂದಿಲ್ಲ" ಅಂದ್ರೆ ಇವತ್ತಿನವರೆಗೆ ಇಲ್ಲ. ಮಗು "ನಂಗೆ ಬರೂದಿಲ್ಲ" ಅಂದಾಗ ತಿದ್ದಬೇಡಿ, ಉಪದೇಶ ಬೇಡ. "ಎಲ್ಲಿವರೆಗೆ ಬಂತು, ಬೆರಳಿಟ್ಟು ತೋರ್ಸು" ಅನ್ನಿ. ಬೆರಳು ಎಲ್ಲೋ ಒಂದು ಕಡೆ ನಿಲ್ತದೆ. ಅಲ್ಲಿಂದ ಮುಂದಿನ ಒಂದೇ ಹೆಜ್ಜೆ ಕೇಳಿ.

ಹಾಗೇ ನಮ್ಮ ಕಡೆಯ "ಅಡ್ಡಿಲ್ಲ". ಚಲೋ ಆದ್ರೂ ಅಡ್ಡಿಲ್ಲ, ಸುಮಾರಾದ್ರೂ ಅಡ್ಡಿಲ್ಲ. ದೊಡ್ಡವರ ನಡುವೆ ನಡೀತದೆ, ಮಗುವಿಗೆ ಅದರಿಂದ ಏನೂ ತಿಳಿಯೂದಿಲ್ಲ. "12 ಮೇಲೆ ಬರೆದುಕೊಂಡ್ಯಲ್ಲ, ಅದಕ್ಕೇ 5 ಸರಿಯಾಗಿ ಬಂತು" ಅಂತ ಮಾಡಿದ ಕೆಲಸದ ಹೆಸರು ಹಿಡಿದು ಹೇಳಿ.

ಉತ್ತರ 3: ಹೊನ್ನಾವರ, ಹಿರಿಯ ಪ್ರಾಥಮಿಕ

ನನ್ನದು ಸ್ವಲ್ಪ ತಕರಾರು. "ಪ್ರಯತ್ನ ಹೊಗಳಿ" ಅನ್ನೋ ಮಂತ್ರವೇ ಅರ್ಧ ಹಾಳು ಮಾಡಿದೆ. ಒಂದೇ ತಪ್ಪು ದಾರಿಯಲ್ಲಿ ಹತ್ತು ಲೆಕ್ಕ ಮಾಡಿದ ಮಗುವೂ ಪ್ರಯತ್ನ ಪಟ್ಟಿದೆ. ಹತ್ತನೇ ಸಲಕ್ಕೆ ಆ ತಪ್ಪು ಗಟ್ಟಿಯಾಗಿದೆ, ಅಷ್ಟೇ. ಬರೀ ಪ್ರಯತ್ನ ಹೊಗಳಿದ್ರೆ ಸಾಲದು, ಮಗು ಸಿಕ್ಕಿಬಿದ್ದಾಗ ಹೊಸ ದಾರಿ ಹಿಡಿಯೋದನ್ನೂ ಕಲಿಸಬೇಕು ಅಂತ 2015ರಲ್ಲಿ ಡ್ವೆಕ್ ಅವರೇ ಬರೆದು ಎಚ್ಚರಿಸಿದ್ದಾರೆ. ಅಕ್ಕೋರ ಒಂದೂವರೆ ತಿಂಗಳ ಶಾಬ್ಬಾಸ್ ಎಲ್ಲಿ ಹೋಯ್ತು ಅನ್ನೋದಕ್ಕೆ ಉತ್ತರ ಅಲ್ಲಿದೆ.

ಈ ತೊಂದರೆ ನಾಲ್ಕನೇ ತರಗತಿಯಲ್ಲೇ ಹೊರಬೀಳೋದಕ್ಕೂ ಒಂದು ಕಾರಣ ಇದೆ ಅಂತ ನನ್ನ ಲೆಕ್ಕ. ಒಂದರಿಂದ ಮೂರರವರೆಗೆ ನಲಿಕಲಿ, ಅಂದ್ರೆ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆ. ಕಲಿಕಾ ಏಣಿಯಲ್ಲಿ ಪ್ರತಿ ಮಗುವೂ ತನ್ನದೇ ಮೆಟ್ಟಿಲಲ್ಲಿ, ಪಕ್ಕದವರು ಬೇರೆ ಮೈಲಿಗಲ್ಲಿನಲ್ಲಿದ್ರೂ ಅದು ಅವಮಾನ ಅಲ್ಲ. ನಾಲ್ಕಕ್ಕೆ ಬಂದ ಕೂಡ್ಲೇ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ. ಹಿಂದುಳಿದದ್ದು ಎಲ್ಲರ ಕಣ್ಣಿಗೆ ಬೀಳ್ತದೆ. ಹಾಗಾಗಿ ಏಣಿಯನ್ನು ಪೂರ್ತಿ ಬಿಡಬೇಡಿ. ಕಳೆಯುವ ಲೆಕ್ಕಕ್ಕೇ ಐದು ಮೆಟ್ಟಿಲಿನ ಪುಟ್ಟ ಏಣಿ ಮಾಡಿ: ದಶಕ ರಹಿತ ಎರಡಂಕಿ, ದಶಕ ಸಹಿತ ಎರಡಂಕಿ, ಮೂರಂಕಿಯಲ್ಲಿ ಒಂದು ಸಲ ಬಿಚ್ಚುವುದು, ಎರಡು ಸಲ ಬಿಚ್ಚುವುದು, ಕೊನೆಗೆ ನಡುವೆ ಸೊನ್ನೆ ಇರುವುದು. ಈ ಕೊನೆಯದ್ದು ಬೇರೆಯೇ ಪ್ರಾಣಿ. 304 – 128ಕ್ಕೆ 186 ಅಂತ ಬರೆದ ಮಗು ನೂರನ್ನು ಬಿಚ್ಚಿದೆ, ಸೊನ್ನೆಯನ್ನು ಹತ್ತು ಮಾಡಿದೆ, ಅದರಲ್ಲೊಂದನ್ನು ಬಿಡಿಗೆ ಕೊಟ್ಟಿದೆ. ಕೊಟ್ಟ ಮೇಲೆ ಹತ್ತನ್ನು ಒಂಬತ್ತು ಮಾಡಿಲ್ಲ, ಅಷ್ಟೇ. 176ಕ್ಕೆ ಒಂದೇ ಹೆಜ್ಜೆ ದೂರ. 224 ಅಂತ ಬರೆದ ಮಗು ಮಾತ್ರ ಎರಡು ಕಡೆ ಅಂಕೆ ತಿರುಗಿಸಿ ಕಳೆದಿದೆ, ಅದನ್ನು ಎರಡನೇ ಮೆಟ್ಟಿಲಿಗೆ ಕಳಿಸಿ, ಕಡ್ಡಿ ಸಮೇತ. ಯಾರು ಯಾವ ಮೆಟ್ಟಿಲು ಅನ್ನೋದು ಮಗುವಿನ ಪಟ್ಟಿಯ ಒಳರಟ್ಟಿನಲ್ಲಿ ಇರಲಿ. ಗೋಡೆ ಮೇಲೆ ಬೇಡ, ನಕ್ಷತ್ರ ಅಂಟಿಸೋದೂ ಬೇಡ.

ಇನ್ನು ದಾಖಲೆ. ಮೊದಲ ಯತ್ನ, ಎರಡನೇ ಯತ್ನ ಎರಡೂ ಇರುವ ಚೀಟಿಯನ್ನು ದಿನಾಂಕ ಹಾಕಿ ಕೃತಿ ಸಂಪುಟಕ್ಕೆ (ಮಗುವಿನ ಕೆಲಸಗಳನ್ನು ಕೂಡಿಡುವ ಕಡತ) ಸೇರಿಸಿ. ಬರೀ ಚೆಂದದ ಹಾಳೆ ತುಂಬಿದ ಸಂಪುಟದಲ್ಲಿ ಕಲಿಕೆ ಕಾಣಿಸೂದಿಲ್ಲ. ರೂಪಣಾತ್ಮಕ ಮೌಲ್ಯಮಾಪನದಲ್ಲಿ (ಕಲಿಕೆ ನಡೀತಿರುವಾಗಲೇ ಮಾಡುವ ಮೌಲ್ಯಮಾಪನ) ಇದೇ ಚೀಟಿಗಳನ್ನು ಆಧಾರವಾಗಿಟ್ಟುಕೊಂಡರೆ ಮಕ್ಕಳಿಗೂ ಎರಡನೇ ಯತ್ನಕ್ಕೆ ಬೆಲೆ ಇದೆ ಅಂತ ಗೊತ್ತಾಗ್ತದೆ.

ಅಂಕೋಲಾ ಕಡೆಯ ಅಕ್ಕೋರು

35ಕ್ಕೆ ಎರಡು ದಾರಿ ಅನ್ನೋದು ಕಣ್ಣಿಗೆ ಬಿದ್ದಿರಲೇ ಇಲ್ಲ. ಇನ್ನೆರಡು ಕೇಳ್ತೇನೆ. ಬೇಗ ಮುಗಿಸಿ ಕೂರುವ ನಾಲ್ಕು ಹುಷಾರಿ ಮಕ್ಕಳಿಗೆ ಏನು ಮಾಡೋದು? ಮನೆಯಲ್ಲಿ "ಅವನ ಅಪ್ಪನಿಗೂ ಲೆಕ್ಕ ತಲೆಗೆ ಹತ್ತಿರಲಿಲ್ಲ" ಅನ್ನುವವರಿಗೆ ಏನು ಹೇಳೋದು?

ಉತ್ತರ 1ರವರು ಮತ್ತೆ

ಆ ನಾಲ್ವರನ್ನು "ಹುಷಾರಿ" ಅಂತ ಕರೆಯೋದನ್ನೇ ಮೊದಲು ಬಿಡಿ. ಆ ಹೆಸರು ಉಳಿಸಿಕೊಳ್ಳೋಕೆ ಸುಲಭದ್ದನ್ನೇ ಆರಿಸಿಕೊಳ್ತಾರೆ. ಉಳಿದವರಿಗೆ ಕಲಿಸೋ ಸಣ್ಣ ಮೇಷ್ಟ್ರ ಕೆಲಸವನ್ನೂ ದಿನಾ ಕೊಡಬೇಡಿ, ಉತ್ತರ ಹೇಳಿಕೊಟ್ಟು ಮುಗಿಸಿಬಿಡ್ತಾರೆ. ಅವರೂ ತಪ್ಪುವಂಥದ್ದು ಕೊಡಿ: "ಉತ್ತರ 25 ಬರಬೇಕು, ಒಂದು ಕಟ್ಟು ಬಿಚ್ಚಲೇಬೇಕು, ಅಂಥ ಎರಡಂಕಿ ಲೆಕ್ಕ ಎಷ್ಟು ಸಿಕ್ತದೆ?" ಐದಾರು ಬೇಗ ಬರೀತಾರೆ, ಆಮೇಲೆ ತಡವರಿಸ್ತಾರೆ. ಕಳೆಯುವ ಸಂಖ್ಯೆಯ ಬಿಡಿ ಅಂಕೆ 5ರಿಂದ 9ರೊಳಗೇ ಇರಬೇಕು ಅಂತ ಅವರೇ ಕಂಡುಕೊಳ್ಳಲಿ, ಒಂದು ವಾರ ಹಿಡಿದರೂ ಸೈ.

ಪಾಲಕರಿಗೆ ಭಾಷಣ ಬೇಡ, ಸಭೆಗೆ ಬರೋದೇ ಕಷ್ಟ. ಕಡಲಿಗೆ ಹೋಗುವ ಮನೆಗಳಾದ್ರೆ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರ್ತದಲ್ಲ, ಅಪ್ಪಂದಿರು ಊರಲ್ಲೇ ಸಿಗುವ ಹೊತ್ತು ಅದು. ಆಗಲೇ ಕರೆದು ಎರಡು ಚೀಟಿ ಕೈಗೆ ಕೊಡಿ, ಹಳೆಯದೊಂದು, ಹೊಸದೊಂದು, ಬಾಯಲ್ಲಿ ಏನೂ ಹೇಳಬೇಡಿ. ಮನೆಯಲ್ಲಿ "ಎಷ್ಟು ಮಾರ್ಕ್ಸ್?" ಬದಲು "ಇವತ್ತು ತಪ್ಪಿ ಆಮೇಲೆ ಸರಿಯಾದ ಲೆಕ್ಕ ಯಾವುದು?" ಅಂತ ಕೇಳಲಿ. ಅಪ್ಪ ಇಲ್ಲದಿದ್ರೆ ಅಜ್ಜಿ ಕೇಳಬಹುದು, ಅದಕ್ಕೆ ಓದು ಬರಹ ಬೇಕಾಗಿಲ್ಲ.

ಮಳೆ ರಜೆ ಮೂರ್ನಾಲ್ಕು ದಿನ ಸಿಕ್ಕಿದ್ರೆ, ಮರಳಿ ಬಂದ ದಿನ ಹೊಸದು ಶುರು ಮಾಡಬೇಡಿ. ಹಿಂದಿನ ಮೆಟ್ಟಿಲಿನ ಲೆಕ್ಕ ಎರಡು ಕೊಡಿ, ಮರೆತಿದ್ದನ್ನು "ಬರೂದಿಲ್ಲ" ಅಂದುಕೊಳ್ಳೋದು ಆವತ್ತೇ.

ಕಡ್ಡಿ ಕಟ್ಟೋಕೆ ರಬ್ಬರ್ ಬ್ಯಾಂಡ್ ತರಬೇಡಿ, ನಮ್ಮ ಕರಾವಳಿಯ ಒಂದು ಮಳೆಗಾಲಕ್ಕೇ ಅಂಟಂಟಾಗಿ ತುಂಡಾಗ್ತದೆ. ಬಾಳೆನಾರು ಒಳ್ಳೆಯದು. ಗಂಟು ಮಾತ್ರ ಜಾರುಗಂಟೇ ಇರಲಿ, ಎಳೆದ ಕೂಡ್ಲೇ ಬಿಚ್ಚಬೇಕು.