ಪದ ಬೇಕು: ಹೆರಿಗೆ ನರ್ಸುಗಳ ‘ಮಾಲ್‌ಪ್ರಾಕ್ಟೀಸ್ ಇನ್ಶೂರೆನ್ಸ್’ಗೆ ಕನ್ನಡದಲ್ಲಿ ಏನಂತೀರಿ?

ಎಲ್ಲರಿಗೂ ನಮಸ್ಕಾರ,

ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ ಉತ್ತರ ಕೊಡಿ ಅಂತ ಕೇಳ್ಕೋತೀನಿ.

ನಮ್ಮ ಅತ್ತಿಗೆ ಒಂದು ತಾಲ್ಲೂಕು ಊರಿನ ನರ್ಸಿಂಗ್ ಹೋಮಲ್ಲಿ ಲೇಬರ್ ವಾರ್ಡ್ ನರ್ಸು, ಹದಿನಾರು ವರ್ಷದಿಂದ ಹೆರಿಗೆ ಮಾಡಿಸ್ತಿದ್ದಾರೆ. ಹೋದ ತಿಂಗಳು ಅವರ ಆಸ್ಪತ್ರೆಯವರು ಎಲ್ಲ ನರ್ಸುಗಳಿಗೂ ಒಂದು ಮಾಲ್‌ಪ್ರಾಕ್ಟೀಸ್ ಇನ್ಶೂರೆನ್ಸ್ ಫಾರಂ (ಕೆಲಸದಲ್ಲಿ ತಪ್ಪಾಯ್ತು ಅಂತ ಕೇಸು ಬಂದ್ರೆ ಪರಿಹಾರದ ದುಡ್ಡು ಕೊಡೋ ವಿಮೆ) ಕೊಟ್ಟು ಸೈನ್ ಹಾಕಿ ಅಂದ್ರಂತೆ, ಫಾರಂ ಇಂಗ್ಲಿಷಲ್ಲಿದೆ, ಜೊತೆಗೆ ಏಜೆಂಟ್ ಒಂದು ಕನ್ನಡ ಹಾಳೆ ಸೇರಿಸಿದಾನೆ, ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ವೃತ್ತಿಪರ ದುರ್ನಡತೆ ವಿಮೆ’ ಅಂತಿದೆ. ಅತ್ತಿಗೆ ಅದನ್ನ ಫೋಟೋ ತೆಗೆದು ಕಳಿಸಿ ಫೋನ್ ಮಾಡಿದ್ರು. “ಇದಕ್ಕೆ ಸೈನ್ ಹಾಕಿದ್ರೆ ನಾನು ಕೆಟ್ಟ ಕೆಲಸ ಮಾಡ್ತೀನಿ ಅಂತ ಮೊದ್ಲೇ ಬರ್ಕೊಟ್ಟಂಗೆ ಅಲ್ವೇನೋ? ಮಕ್ಕಳ ಮುಂದೆ ಈ ಹಾಳೆ ಇಡಕ್ಕೇ ನಾಚ್ಕೆ ಆಗುತ್ತೆ” ಅಂದ್ರು. ಅವರ ಜೊತೆ ಇನ್ನೂ ಇಬ್ಬರು ಸಹಿ ಹಾಕದೆ ವಾಪಸ್ ಕೊಟ್ಟಿದಾರಂತೆ. ನಂಗೆ ತುಂಬಾ ಬೇಜಾರಾಯ್ತು. ಒಂದು ಪದ ತಪ್ಪಾಗಿದ್ದಕ್ಕೆ ಅವರಿಗೆ ಬೇಕಾದ ರಕ್ಷಣೆ ಕೈಬಿಟ್ಟು ಹೋಗ್ತಿದೆ.

ಮೊದಲು ಮಾಲ್‌ಪ್ರಾಕ್ಟೀಸ್ ಅನ್ನೋ ಪದಾನೇ ನೋಡಿ. ನಮ್ಮಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಯಾರನ್ನಾದ್ರೂ ಕೇಳಿ, ಮಾಲ್‌ಪ್ರಾಕ್ಟೀಸ್ ಅಂದ್ರೆ ಪರೀಕ್ಷೆಲಿ ಚೀಟಿ ಇಟ್ಕೊಂಡು ಸಿಕ್ಕಿಬೀಳೋದು, ಡಿಬಾರ್ ಆಗೋದು. ಅಂದ್ರೆ ಗೊತ್ತಿದ್ದೂ ಮಾಡಿದ ಮೋಸ. ದುರ್ನಡತೆ ಅಂತೂ ಇನ್ನೂ ಕೆಟ್ಟದು, ಅದನ್ನ ಒಬ್ಬ ಹೆಣ್ಣುಮಗಳ ಹೆಸರಿನ ಪಕ್ಕ ಬರೆದ್ರೆ ಊರಲ್ಲಿ ಏನರ್ಥ ಬರುತ್ತೆ ಅಂತ ನಿಮಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಆದ್ರೆ ಈ ಪಾಲಿಸಿ ಇರೋದು ಉದ್ದೇಶ ಇಲ್ಲದೆ ಆಗೋ ತಪ್ಪಿಗೆ, ಅಥವಾ ತಪ್ಪೇ ಆಗದಿದ್ರೂ ತಪ್ಪಾಗಿದೆ ಅಂತ ಬರೋ ಕೇಸಿಗೆ. ಬೇಕಂತ ಮಾಡಿದ ಅಪರಾಧ ಇಂಥ ಪಾಲಿಸಿಗಳ ಹೊರಗೇ ಇರುತ್ತೆ. ಮಾಲ್‌ಪ್ರಾಕ್ಟೀಸ್ ಅನ್ನೋದು ಅಮೆರಿಕದವರ ಮಾತು, ಇಂಗ್ಲೆಂಡಲ್ಲಿ ಇಂಡೆಮ್ನಿಟಿ (ನಷ್ಟ ತುಂಬಿಕೊಡೋ ಏರ್ಪಾಡು) ಅಂತಾರೆ. ಅಲ್ಲಿ 2014ರಿಂದ ನರ್ಸು, ಮಿಡ್‌ವೈಫ್ (ಹೆರಿಗೆ ಮಾಡ್ಸೋರು) ಯಾರೇ ಆಗ್ಲಿ ಇಂಡೆಮ್ನಿಟಿ ವ್ಯವಸ್ಥೆ ಇಲ್ಲದೆ ಕೆಲಸ ಮಾಡೋ ಹಾಗೇ ಇಲ್ಲ ಅಂತ ಕಾನೂನಿದೆ. ನಮ್ಮ ಕರಾವಳಿಯಿಂದ ಅಲ್ಲಿಗೆ ಹೋಗಿರೋ ನರ್ಸುಗಳಿಗೆ ಇದು ಗೊತ್ತಿರುತ್ತೆ, ಈ ಗುಂಪಲ್ಲಿ ಯಾರಾದ್ರೂ ಇದ್ರೆ ಅಲ್ಲಿ ನೀವು ನೀವೇ ಕನ್ನಡದಲ್ಲಿ ಮಾತಾಡ್ಕೊಳ್ಳುವಾಗ ಏನಂತೀರಿ ಹೇಳಿ.

ಎರಡನೇ ಪದ ‘ನಿರ್ಲಕ್ಷ್ಯ’. ಕಾನೂನಲ್ಲಿ ನೆಗ್ಲಿಜೆನ್ಸ್ ಅಂದ್ರೆ ಆ ಕೆಲಸ ಕಲಿತ ಸಾಮಾನ್ಯ ಒಬ್ಬರು ವಹಿಸ್ಬೇಕಾದಷ್ಟು ಎಚ್ಚರ ವಹಿಸದೇ ಇರೋದು, ಅಷ್ಟೇ, ಮನಸ್ಸಲ್ಲಿ ಏನಿತ್ತು ಅನ್ನೋದು ಮುಖ್ಯ ಅಲ್ಲ. ಕನ್ನಡದ ನಿರ್ಲಕ್ಷ್ಯದಲ್ಲಿ ಮಾತ್ರ ಮನಸ್ಸೂ ಸೇರ್ಕೊಂಡಿದೆ, “ಅವನು ನನ್ನ ನಿರ್ಲಕ್ಷ್ಯ ಮಾಡ್ತಾನೆ” ಅಂದ್ರೆ ನೋಡಿದ್ರೂ ನೋಡದ ಹಾಗೆ ಇದಾನೆ ಅಂತ. ರಾತ್ರಿಯೆಲ್ಲ ನಿಂತು ಹೆರಿಗೆ ಮಾಡಿಸಿದೋರಿಗೆ ಈ ಪದ ಎಷ್ಟು ಚುಚ್ಚುತ್ತೆ ಯೋಚಿಸಿ. ಪೇಪರ್‌ಗಳಲ್ಲಂತೂ ಕಾರಣ ಗೊತ್ತಾಗೋ ಮೊದ್ಲೇ ‘ನಿರ್ಲಕ್ಷ್ಯಕ್ಕೆ ಬಾಣಂತಿ ಬಲಿ’ ಅಂತ ಬಂದಿರುತ್ತೆ. 2024ರ ನವೆಂಬರಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಸಾಲಾಗಿ ತೀರ್ಕೊಂಡಾಗ ಆಮೇಲೆ ಡ್ರಿಪ್ಸ್ ದ್ರಾವಣದ ಗುಣಮಟ್ಟದ ಕಡೆಗೇ ಬೊಟ್ಟು ತಿರುಗಿದ್ದು. ‘ಅಜಾಗರೂಕತೆ’ ಹಾಕೋಣ ಅಂದ್ರೆ ಅದು ಪೊಲೀಸರ ‘ಅತಿವೇಗ ಮತ್ತು ಅಜಾಗರೂಕತೆ’ ನೆನಪಿಸುತ್ತೆ, ‘ಕರ್ತವ್ಯಲೋಪ’ ಅಂದ್ರೆ ಅಮಾನತ್ತಿನ ಆರ್ಡರ್ ಕಣ್ಮುಂದೆ ಬರುತ್ತೆ. ಗ್ರಾಹಕರ ಆಯೋಗದ ಕನ್ನಡದಲ್ಲಿ ‘ಸೇವಾ ನ್ಯೂನತೆ’ ಅಂತಾರೆ, 1995ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ದುಡ್ಡು ತಗೊಂಡು ಕೊಡೋ ವೈದ್ಯ ಸೇವೆಯೂ ಗ್ರಾಹಕ ಕಾಯ್ದೆ ಒಳಗೆ ಬಂತಲ್ಲ, ಹಂಗಾಗಿ ಈ ಪದ ಬಳಕೆಲಿದೆ. ನಂಗೆ ಇದೇ ಎಲ್ಲಕ್ಕಿಂತ ಮರ್ಯಾದಸ್ಥ ಪದ ಅನ್ನಿಸುತ್ತೆ, ಕೆಲಸದಲ್ಲಿ ಏನೋ ಕಮ್ಮಿ ಆಯ್ತು ಅಂತಷ್ಟೇ ಹೇಳುತ್ತೆ, ಆಳನ್ನ ಬೈಯಲ್ಲ.

ಅತ್ತಿಗೆಗೆ ಕೊನೆಗೆ ನಾನು ಅರ್ಥ ಮಾಡಿಸಿದ್ದು ಹೆಂಗೆ ಅಂದ್ರೆ, “ಅಣ್ಣನ ಬೈಕಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದೆಯಲ್ಲ, ಅದನ್ನ ಮಾಡ್ಸಿದ್ದಕ್ಕೆ ಅಣ್ಣ ಯಾರಿಗೋ ಗುದ್ದಕ್ಕೆ ಹೊರಟಿದಾನೆ ಅಂತಲಾ? ಏನಾದ್ರೂ ಆದ್ರೆ ಪೆಟ್ಟು ಬಿದ್ದೋರಿಗೆ ದುಡ್ಡು ಸಿಗ್ಬೇಕು, ನಾವು ಮನೆ ಮಾರ್ಬಾರ್ದು, ಅದಕ್ಕೆ ತಾನೆ” ಅಂದೆ. ತಕ್ಷಣ ಅರ್ಥ ಆಯ್ತು ಅವರಿಗೆ. ಆಗ ನಂಗೆ ಹೊಳೆದಿದ್ದು ‘ವೃತ್ತಿ ಹೊಣೆ ವಿಮೆ’. ಹೊಣೆ ಹಳೇ ಪದ, ಹೊಣೆ ನಿಲ್ಲೋದು ಅಂದ್ರೆ ಇನ್ನೊಬ್ಬರ ಪರವಾಗಿ ಜಾಮೀನು ನಿಲ್ಲೋದು, ಇಲ್ಲಿ ಇನ್ಶೂರೆನ್ಸ್ ಕಂಪನಿ ಮಾಡೋದೂ ಅದೇ. ಆದ್ರೆ “ಸಾವಿಗೆ ನರ್ಸೇ ಹೊಣೆ” ಅಂತಾನೂ ಬರೀತಾರಲ್ಲ, ಆ ಅರ್ಥವೇ ಮೊದಲು ತಲೆಗೆ ಬಂದ್ರೆ ಮತ್ತೆ ಅದೇ ಕಥೆ. ಇಂಡೆಮ್ನಿಟಿಗೆ ಕರಾರು ಪತ್ರಗಳ ಕನ್ನಡದಲ್ಲಿ ‘ನಷ್ಟಭರ್ತಿ’ ಅಂತ ಒಂದಿದೆ, ತಪ್ಪಿನ ವಾಸನೆ ಇಲ್ಲ, ಆದ್ರೆ ನಷ್ಟ ಯಾರದ್ದು, ಭರ್ತಿ ಯಾರಿಗೆ ಅಂತ ಗೊತ್ತಾಗಲ್ಲ, ಅತ್ತಿಗೆ ಅದನ್ನ ಕೇಳಿ ತಮಗೇ ದುಡ್ಡು ಬರುತ್ತೆ ಅಂದ್ಕೊಂಡ್ರು.

ಇನ್ನು ಮಿಡ್‌ವೈಫ್. ಸೂಲಗಿತ್ತಿ ನಂಗೆ ಬಹಳ ಪ್ರೀತಿಯ ಪದ. ಸೂಲು ಅಂದ್ರೆ ಹೆರಿಗೆ, ಇವತ್ತಿಗೂ ನಮ್ಮ ಕಡೆ ಎರಡನೇ ಸೂಲಿನ ಹಸು ಅಂತೀವಿ, ಅದಕ್ಕೆ ಹೂವಾಡಗಿತ್ತಿಲಿ ಇರೋ ‘ಗಿತ್ತಿ’ ಸೇರಿದೆ. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಆ ಪದಕ್ಕೇ ಗೌರವ ಬಂದಂಗಾಯ್ತು. ಆದ್ರೆ ಪಾಲಿಸಿಲಿ ಸೂಲಗಿತ್ತಿ ಅಂತ ಬರೆದ್ರೆ ಅಪಾಯ ಇದೆ, ಯಾಕಂದ್ರೆ ಕವರ್ ಸಿಗೋದು ನರ್ಸಿಂಗ್ ಕೌನ್ಸಿಲಲ್ಲಿ ನೋಂದಣಿ ಆದೋರಿಗೆ, ಹಳ್ಳಿಲಿ ಮನೆ ಹೆರಿಗೆ ಮಾಡ್ಸೋ ಅಜ್ಜಿ ಅದನ್ನ ಓದ್ಸಿ ಕೇಳಿ ನಂಗೂ ಉಂಟು ಅಂದ್ಕೊಂಡ್ರೆ? 2018ರಲ್ಲಿ ಕೇಂದ್ರ ಸರ್ಕಾರ ಹದಿನೆಂಟು ತಿಂಗಳ ತರಬೇತಿ ಕೊಟ್ಟು ಹೊಸ ಮಿಡ್‌ವೈಫರಿ ನರ್ಸುಗಳನ್ನ ತಯಾರು ಮಾಡ್ತೀವಿ ಅಂದಿತ್ತು, ಅವರಿಗೂ ಒಂದು ಕನ್ನಡ ಹೆಸರು ಬೇಕಲ್ಲ. ‘ಪ್ರಸೂತಿ ಶುಶ್ರೂಷಕಿ’ ಸರಿ ಇದೆ, ಬಾಯಲ್ಲಿ ತಿರುಗಲ್ಲ. ‘ಹೆರಿಗೆ ನರ್ಸು’ ಅಂದ್ರೆ ಎಲ್ಲರಿಗೂ ಗೊತ್ತಾಗುತ್ತೆ. ಉತ್ತರ ಕರ್ನಾಟಕದೋರು ಹಡೆಯೋದು ಅನ್ನೋ ಮಾತಿಂದ ಏನಾದ್ರೂ ಕೊಡ್ತೀರಾ?

ಪದದ ಮೇಲೆ ಜೈಲೂ ನಿಂತಿದೆ, ಅದಕ್ಕೇ ಇಷ್ಟು ಎಳೀತಿದೀನಿ. 2024ರ ಜುಲೈ 1ರಿಂದ ಹಳೇ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಲ್ಲಿ ಎಚ್ಚರ ತಪ್ಪಿ ಸಾವಾದ್ರೆ ಐದು ವರ್ಷದ ತನಕ ಶಿಕ್ಷೆ, ‘ನೋಂದಾಯಿತ ವೈದ್ಯ ವೃತ್ತಿಗಾರ’ ಚಿಕಿತ್ಸೆ ಮಾಡುವಾಗ ಆದ್ರೆ ಎರಡು ವರ್ಷದ ತನಕ. ಆ ಪದದ ವಿವರಣೆಲಿ ವೈದ್ಯರ ರಿಜಿಸ್ಟರಲ್ಲಿ ಹೆಸರಿರೋರು ಮಾತ್ರ ಬರ್ತಾರೆ, ನರ್ಸುಗಳ ರಿಜಿಸ್ಟರ್ ಬೇರೆ, ಅಂದ್ರೆ ಆ ಎರಡು ವರ್ಷದ ಮಿತಿಯೊಳಗೆ ಅವರು ಬರಲ್ಲ. ಏಜೆಂಟಿನ ಹಾಳೆಲಿ ಎಲ್ಲರನ್ನೂ ‘ವೈದ್ಯಕೀಯ ಸಿಬ್ಬಂದಿ’ ಅಂತ ಒಂದೇ ಮಾತಲ್ಲಿ ಮುಗಿಸಿದಾನೆ. ವಿಮೆ ಜೈಲಿಂದ ತಪ್ಪಿಸಲ್ಲ ಅನ್ನೋದನ್ನೂ ಬರೆದಿಲ್ಲ.

ಕೊನೇದು, ಈ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಹೆರಿಗೆ ಆದ ದಿನ ಪಾಲಿಸಿ ಇದ್ರೆ ಸಾಲದು, ಕ್ಲೇಮು ಬಂದ ದಿನ ಪಾಲಿಸಿ ಚಾಲ್ತಿಲಿರಬೇಕು. ಮಗುವಿಗೆ ತೊಂದರೆ ಆಗಿದೆ ಅಂತ ಗೊತ್ತಾಗೋದು ಎಷ್ಟೋ ಸಲ ಮಗು ನಡೀಬೇಕಾದ, ಮಾತಾಡ್ಬೇಕಾದ ವಯಸ್ಸಿಗೆ, ಅಷ್ಟೊತ್ತಿಗೆ ನರ್ಸು ಕೆಲಸ ಬಿಟ್ಟು ಕಂತು ನಿಲ್ಲಿಸಿರ್ತಾರೆ. ‘ರೆಟ್ರೋಆಕ್ಟಿವ್ ಡೇಟ್’ಗೆ (ಯಾವ ದಿನದಿಂದ ಈಚೆಗೆ ಮಾಡಿದ ಕೆಲಸಕ್ಕೆ ಕವರ್ ಸಿಗುತ್ತೋ ಆ ದಿನ) ಸರ್ಕಾರಿ ಆದೇಶಗಳ ‘ಪೂರ್ವಾನ್ವಯ’ ಇಟ್ಕೊಂಡು ‘ಪೂರ್ವಾನ್ವಯ ದಿನಾಂಕ’ ಅನ್ಬಹುದು, ಆದ್ರೆ ಕೆಲಸ ಬಿಟ್ಟ ಮೇಲೂ ಮುಂದುವರಿಯೋ ‘ರನ್ ಆಫ್ ಕವರ್’ಗೆ ನಂಗೇನೂ ಸಿಕ್ಕಿಲ್ಲ.

ಅತ್ತಿಗೆ ಆ ಕನ್ನಡ ಹಾಳೇನ ನೀನೇ ತಿದ್ದಿಕೊಡು ಅಂದಿದಾರೆ, ಮುಂದಿನ ಸೋಮವಾರ ಆಸ್ಪತ್ರೆಗೆ ಕೊಡ್ಬೇಕು. ಸದ್ಯಕ್ಕೆ ತಲೆಬರಹ ‘ಹೆರಿಗೆ ನರ್ಸುಗಳ ವೃತ್ತಿ ಹೊಣೆ ವಿಮೆ’ ಅಂತ ಬರೆದು, ಕೆಳಗೆ ಬೈಕಿನ ಉದಾಹರಣೆ ಹಾಕಿದೀನಿ. ಇದಕ್ಕಿಂತ ಒಳ್ಳೇದು ಹೊಳೆದ್ರೆ ಭಾನುವಾರದೊಳಗೆ ತಿಳಿಸಿ.