ಮಗಳ ರಕ್ತದಲ್ಲಿ ಸೀಸ: ರೀಲೋಡಿಂಗ್ ಮೇಜಿನದೇ ತಪ್ಪೇ?

ಕೊಲಂಬಸ್ ಹೊಸಬ:
ಓಹಾಯೋದ ಚಳಿಗೆ ಗ್ಯಾರೇಜಿನಲ್ಲಿ ಬೆರಳು ಮರಗಟ್ಟುತ್ತದೆಂದು ನವೆಂಬರಿನಲ್ಲಿ ರೀಲೋಡಿಂಗ್ ಮೇಜನ್ನು, ಎಂದರೆ ಹೊಡೆದ ತೋಟಾದ ಖಾಲಿ ಕೇಸಿಗೆ (ಲೋಹದ ಕೊಳವೆಗೆ) ಮತ್ತೆ ಮದ್ದು, ಗುಂಡು ತುಂಬುವ ಮೇಜನ್ನು, ನೆಲಮಾಳಿಗೆಗೆ ಇಳಿಸಿದೆ. .38 ಸ್ಪೆಷಲ್ ರಿವಾಲ್ವರಿಗೆ 158 ಗ್ರೇನ್ ತೂಕದ ಸೀಸದ ಗುಂಡು ತುಂಬುತ್ತೇನೆ. ಎರಕ ಹೊಯ್ದ ಗುಂಡುಗಳನ್ನೇ ಕೊಳ್ಳುತ್ತೇನೆ, ಸೀಸ ಕರಗಿಸುವ ಗೋಜಿಗೆ ಹೋಗಿಲ್ಲ. ಖಾಲಿ ಕೇಸುಗಳನ್ನು ಜೋಳದ ದಿಂಡಿನ ಪುಡಿ ಹಾಕಿದ ಟಂಬ್ಲರ್ ಎಂಬ ಅಲುಗಾಡಿಸುವ ಯಂತ್ರದಲ್ಲಿ ಹೊಳಪಾಗಿಸಿ, ಅಡುಗೆಮನೆಯಿಂದ ತಂದ ತೂತಿನ ಸ್ಟೀಲ್ ಬುಟ್ಟಿಯಲ್ಲಿ ಜಾಲಿಸುತ್ತೇನೆ. ಪಕ್ಕದಲ್ಲೇ ಬಟ್ಟೆ ಒಗೆಯುವ ಯಂತ್ರವಿದೆ.

ಮಗಳಿಗೆ ಎರಡು ವರ್ಷ. ಕಳೆದ ವಾರ ಬೆರಳು ಚುಚ್ಚಿ ಮಾಡಿದ ಪರೀಕ್ಷೆಯಲ್ಲಿ ಸೀಸ ಡೆಸಿಲೀಟರಿಗೆ 4.1 ಮೈಕ್ರೋಗ್ರಾಂ ಬಂತು. ಮನೆ ಹಳೆಯದೇ, ಗೋಡೆಯ ಬಣ್ಣ ಉದುರುತ್ತಿದೆಯೇ ಎಂದು ವೈದ್ಯರು ಕೇಳಿದರು. ಮನೆ 2004ರದು, ಸೀಸದ ಬಣ್ಣದ ಕಾಲದ್ದಲ್ಲ. ಮೇಜಿನ ವಿಷಯ ನಾನು ಹೇಳಲಿಲ್ಲ, ಹೆಂಡತಿ ಹೇಳಿದಳು. ಗುಂಡು ಮುಟ್ಟುವಾಗ ಕೈಗವಸು ತಪ್ಪಿಸಿದವನಲ್ಲ. ಹಾಗಾದರೆ ಸೀಸ ಎಲ್ಲಿಂದ ಬರುತ್ತಿದೆ? ಇನ್ನೊಂದು ಮಾತು: 9 ಎಂಎಂ ಗ್ಲಾಕ್ ಪಿಸ್ತೂಲಿಗೂ ಸೀಸದ ಗುಂಡು ತುಂಬಬಹುದೇ?

ಹ್ಯೂಸ್ಟನ್ ಕೊಡಗಿನವ:
ಮೊದಲು ಆ ಬುಟ್ಟಿಯನ್ನು ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಹೊರಗಿಡಿ. ಆಮೇಲೆ ಬಂದು ಉಳಿದದ್ದನ್ನು ಓದಿ.

ನೀವು ಗುಂಡನ್ನು ಅನುಮಾನಿಸುತ್ತಿದ್ದೀರಿ. ಮೇಣ ಸವರಿದ ಗುಂಡು ಪಾಪ, ಸುಮ್ಮನೆ ಪೆಟ್ಟಿಗೆಯಲ್ಲಿ ಕುಳಿತಿರುತ್ತದೆ. ಮುಟ್ಟಿದರೆ ಕೈ ತೊಳೆದುಕೊಂಡರೆ ಸಾಕು. ಕಳ್ಳ ಇರುವುದು ಖಾಲಿ ಕೇಸಿನೊಳಗೆ. ಮದ್ದಿಗೆ ಕಿಡಿ ಹೊತ್ತಿಸುವ ಸಾಮಾನ್ಯ ಪ್ರೈಮರಿನಲ್ಲಿ ಲೆಡ್ ಸ್ಟಿಫ್ನೇಟ್ ಎಂಬ ಸೀಸದ ಲವಣವಿದೆ. ಈಡು ಹೊಡೆದಾಗ ಅದು ಸುಟ್ಟು ಕೇಸಿನ ಒಳಗೋಡೆಗೆ ಮಸಿಯಾಗಿ ಅಂಟುತ್ತದೆ. ಟಂಬ್ಲರ್ ಆ ಮಸಿಯನ್ನೆಲ್ಲ ನಯವಾದ ಧೂಳು ಮಾಡಿಕೊಡುತ್ತದೆ. ನೀವು ಬುಟ್ಟಿ ಅಲ್ಲಾಡಿಸಿದಾಗಲೆಲ್ಲ ಅದು ಎದ್ದು, ಪಕ್ಕದಲ್ಲಿ ಒಗೆದಿಟ್ಟ ಮಗುವಿನ ಬಟ್ಟೆಯ ಮೇಲೆ ಕೂರುತ್ತದೆ. ಕೈಗವಸು ಹಾಕಿದ ಕೈಯಲ್ಲೇ ಮೊಬೈಲ್ ಮುಟ್ಟಿದ್ದೀರೋ ಇಲ್ಲವೋ, ನೀವೇ ನೆನಪಿಸಿಕೊಳ್ಳಿ.

2013ರಲ್ಲಿ ನನ್ನ ರಕ್ತದಲ್ಲಿ 22 ಇತ್ತು. ತಿಂಗಳುಗಟ್ಟಲೆ ತಲೆನೋವು, ಸಿಡುಕು, ವಯಸ್ಸಾಯಿತು ಎಂದುಕೊಂಡಿದ್ದೆ. ಮೇಜಿನ ಮೇಲೆ ಕಾಫಿ ಲೋಟ ಇಟ್ಟುಕೊಳ್ಳುವ ಚಟವಿತ್ತು, ಅದೂ ಮುಚ್ಚಳವಿಲ್ಲದ ಲೋಟ. ಕೊಡಗಿನವನಿಗೆ ಕಾಫಿಯೇ ಮುಳುವಾದದ್ದು! ಲೋಟ ಅಡುಗೆಮನೆಗೆ ಹೋಯಿತು, ಮೇಜು ಹಿತ್ತಿಲ ಶೆಡ್ಡಿಗೆ ಹೋಯಿತು. ಆರು ತಿಂಗಳಲ್ಲಿ 9ಕ್ಕೆ ಇಳಿಯಿತು.

ಈಗ ಕೇಸುಗಳನ್ನು ನೀರು, ಸ್ಟೀಲ್ ಕಡ್ಡಿ, ಒಂದು ತೊಟ್ಟು ಪಾತ್ರೆ ಸೋಪು ಹಾಕಿ ತೊಳೆಯುತ್ತೇನೆ. ಒದ್ದೆಯಾದದ್ದು ಹಾರುವುದಿಲ್ಲ. ಆ ನೀರನ್ನು ಮಾತ್ರ ಕರಿಬೇವಿನ ಗಿಡಕ್ಕೆ ಸುರಿಯಬೇಡಿ. ನೆಲಮಾಳಿಗೆಯನ್ನು ಗುಡಿಸಬೇಡಿ, ಮನೆಯ ಸಾಧಾರಣ ವ್ಯಾಕ್ಯೂಮನ್ನೂ ಓಡಿಸಬೇಡಿ. ಅದು ಧೂಳನ್ನು ಹಿಂದಿನಿಂದ ಉಗುಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಎಸೆಯಿರಿ. ಕೆಲಸದ ಅಂಗಿ ಬೇರೆ, ಚಪ್ಪಲಿ ಬೇರೆ ಇರಲಿ. ಮಗುವನ್ನು ಎತ್ತಿಕೊಳ್ಳುವುದು ಇವೆಲ್ಲ ಬದಲಾದ ಮೇಲೆ.

ಗ್ಲಾಕ್ ಬೇಡ. ಅಚ್ಚಿನ ಸೀಸದ ಗುಂಡು ಹಾಕಬೇಡಿ ಎಂದು ಅದರ ಕೈಪಿಡಿಯೇ ಹೇಳುತ್ತದೆ. ನಳಿಗೆಯೊಳಗೆ ಸೀಸ ಮೆತ್ತಿಕೊಂಡರೆ ದಾರಿ ಕಿರಿದಾಗಿ ಒತ್ತಡ ಏರುತ್ತದೆ. ರಿವಾಲ್ವರಿನಲ್ಲೂ ಸೀಸ ಮೆತ್ತುತ್ತಿದ್ದರೆ ಗುಂಡು ಮೆದುವಾಯಿತೆಂದು ದೂರುವ ಮೊದಲು ಅಳತೆ ನೋಡಿ. ನಳಿಗೆಗಿಂತ ಗುಂಡು ಸಣ್ಣದಾದರೆ ಬಿಸಿ ಅನಿಲ ಪಕ್ಕದಲ್ಲಿ ನುಗ್ಗಿ ಸೀಸವನ್ನು ಕರಗಿಸುತ್ತದೆ. .38ಕ್ಕೆ ಸೀಸದ ಗುಂಡು .358 ಇಂಚು ಇರುವುದು ವಾಡಿಕೆ, ತಾಮ್ರದ ಕವಚದ್ದು .357.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. .38 ಸ್ಪೆಷಲ್ 1898ರ ಕೇಸು, ಕರಿಮದ್ದಿನ ಕಾಲದ ಹೊಟ್ಟೆ ಅದಕ್ಕೆ. ಇಂದಿನ ವೇಗದ ಮದ್ದು ತಳ ಮುಚ್ಚುವಷ್ಟೇ ಬೀಳುತ್ತದೆ. ಒಂದೇ ಕೇಸಿಗೆ ತಪ್ಪಿ ಎರಡು ಸಲ ಬಿದ್ದರೂ ತುಳುಕುವುದಿಲ್ಲ, ಗುಂಡು ನಿರಾಯಾಸವಾಗಿ ಕೂರುತ್ತದೆ. ಕೋವಿ ಒಡೆಯುವುದು ಆಗ. ನನ್ನ ಅಜ್ಜ, ನಳಿಗೆಯ ಬಾಯಿಂದ ಮದ್ದು ತುಂಬುವ ಕೇಪು ಕೋವಿಯ ಜಡಿಯುವ ಕಡ್ಡಿಗೆ ಗೆರೆ ಕೊರೆದಿದ್ದರು. ಕಡ್ಡಿಯ ಗೆರೆ ನಳಿಗೆಯ ಬಾಯಿಗಿಂತ ಮೇಲೆ ನಿಂತರೆ ಒಳಗೆ ಆಗಲೇ ಮದ್ದಿದೆ ಎಂದರ್ಥ. ನನ್ನ ಗೆರೆ ಎಂದರೆ ಟಾರ್ಚು. ಐವತ್ತು ಕೇಸುಗಳನ್ನು ಹಲಗೆಯಲ್ಲಿ ನಿಲ್ಲಿಸಿ, ಒಂದೊಂದರೊಳಗೂ ಬೆಳಕು ಬಿಟ್ಟು ಮಟ್ಟ ನೋಡದೆ ಒಂದು ಗುಂಡನ್ನೂ ಕೂರಿಸುವುದಿಲ್ಲ. ಮದ್ದಿನ ತೂಕಕ್ಕೆ ಕೈಪಿಡಿಯ ಸೀಸದ ಗುಂಡಿನ ಪಟ್ಟಿಯನ್ನೇ ನೋಡಿ, ನನ್ನನ್ನು ಕೇಳಬೇಡಿ. ರೇಂಜಿನಲ್ಲಿ ಈಡಿನ ಸದ್ದು ಟುಸ್ ಎಂದರೆ ಅಲ್ಲೇ ನಿಲ್ಲಿಸಿ, ತೋಟಾ ತೆಗೆದು ನಳಿಗೆ ನೋಡಿ. ಗುಂಡು ಒಳಗೇ ಸಿಕ್ಕಿಕೊಂಡಿರಬಹುದು.

ಎಡಿಸನ್ ನರ್ಸ್:
ಅಣ್ಣ ಹೇಳಿದ್ದೆಲ್ಲ ಸರಿ, ಆದರೆ ಮೇಜೊಂದನ್ನೇ ಅಪರಾಧಿ ಮಾಡಬೇಡಿ. ಬೆರಳ ತುದಿಯಲ್ಲಿ ಧೂಳಿದ್ದರೂ ಸಂಖ್ಯೆ ಏರುತ್ತದೆ. ರಕ್ತನಾಳದಿಂದ ರಕ್ತ ತೆಗೆಸಿ ಖಚಿತಪಡಿಸಿಕೊಳ್ಳಿ. ಮಕ್ಕಳಿಗೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಇಟ್ಟಿರುವ ಗುರುತು 2021ರಿಂದ 3.5, ಅದಕ್ಕಿಂತ ಕಡಿಮೆಯಾದರೆ ನಿರಪಾಯ ಎಂದಲ್ಲ. ಊರಿನಿಂದ ತಂದ ಕಾಡಿಗೆ, ಬಿಡಿಯಾಗಿ ಕೊಂಡ ಅರಿಶಿನ ಪುಡಿ, ಕಲಾಯಿ ಹಾಕಿಸಿದ ಹಿತ್ತಾಳೆ ಪಾತ್ರೆ ಇವೆಯೇ? ನಮ್ಮವರ ಮನೆಗಳಲ್ಲಿ ನಾವು ಮೊದಲು ಕೇಳುವುದೇ ಅದನ್ನು. ಮಗುವಿಗೆ ಕಬ್ಬಿಣ, ಕ್ಯಾಲ್ಸಿಯಂ ಚೆನ್ನಾಗಿ ಸಿಗಲಿ. ಅವು ಕಡಿಮೆಯಾದರೆ ಕರುಳು ಸೀಸವನ್ನು ಹೆಚ್ಚು ಹೀರುತ್ತದೆ.

ವಿರಾಜಪೇಟೆಯಿಂದ:
ಕೊಡವರಾದ ನಮಗೆ ಕೋವಿ ಪರವಾನಗಿಯಿಂದ ವಿನಾಯಿತಿ ಇದೆಯಲ್ಲ, ಇಲ್ಲಿ ಮನೆಯಲ್ಲೇ ಹೀಗೆ ತೋಟಾ ತುಂಬಬಹುದೇ?

ಹ್ಯೂಸ್ಟನ್ ಕೊಡಗಿನವ:
ಬೇಡ ತಮ್ಮಾ. ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಮದ್ದುಗುಂಡು ತಯಾರಿಸಲು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬೇರೆಯೇ ಪರವಾನಗಿ ಬೇಕು.

ಕೊಲಂಬಸ್ ಹೊಸಬ:
ಎಲ್ಲರಿಗೂ ಕೃತಜ್ಞತೆಗಳು. ಮೇಜು ಗ್ಯಾರೇಜಿಗೆ ಮರಳಿತು, ಚಳಿ ಇದ್ದರೆ ಇರಲಿ. ಕಾಡಿಗೆ ಡಬ್ಬಿ ಕಸಕ್ಕೆ ಹೋಯಿತು. ರಕ್ತನಾಳದ ಪರೀಕ್ಷೆ ಮಂಗಳವಾರ.

ಬುಟ್ಟಿ ಹುಡುಕಲು ನೆಲಮಾಳಿಗೆಗೆ ಹೋದೆ, ಅಲ್ಲಿರಲಿಲ್ಲ. ಕ್ರಿಸ್‌ಮಸ್ ರಜೆಯಲ್ಲಿ ಬಂದಿದ್ದ ಅತ್ತೆ ಅದನ್ನು ಮೇಲೆ ತಂದು ತೊಳೆದಿಟ್ಟಿದ್ದರಂತೆ. ಆಗಿನಿಂದ ಮಗಳ ದ್ರಾಕ್ಷಿ ತೊಳೆಯುತ್ತಿರುವುದು ಅದರಲ್ಲೇ.